ಮರುಕಳಿಸಿದ ಲ್ಯುಕೇಮಿಯಾ, ಆಕರಕೋಶ ಕಸಿ ಮತ್ತು ವಿಕಿರಣದ ಪ್ರಶ್ನೆ

ಮಕ್ಕಳ ಕ್ಯಾನ್ಸರುಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್, ಚಿಕಿತ್ಸೆ ಪೂರ್ತಿಯಾಗಿ ಸಿಕ್ಕ ಬಹುಪಾಲು ಮಕ್ಕಳಲ್ಲಿ ಕೀಮೋಥೆರಪಿಯೊಂದರಿಂದಲೇ ವಾಸಿಯಾಗುತ್ತದೆ. ಅದು ಮರುಕಳಿಸಿದಾಗ ಲೆಕ್ಕ ಬದಲಾಗುತ್ತದೆ. ಆದರೆ ಆಗಲೂ ಎಲ್ಲ ಮಕ್ಕಳಿಗೂ ಕಸಿ, ಅಂದರೆ ರಕ್ತವನ್ನು ಹುಟ್ಟಿಸುವ ಆಕರಕೋಶಗಳನ್ನು ದಾನಿಯ ಮಜ್ಜೆಯಿಂದ ಪಡೆಯುವುದು, ಬೇಕಾಗುವುದಿಲ್ಲ. ಚಿಕಿತ್ಸೆ ಮುಗಿದು ಬಹಳ ಕಾಲದ ನಂತರ ಕಾಯಿಲೆ ಮರಳಿ, ಹೊಸದಾಗಿ ಕೊಟ್ಟ ಕೀಮೋಗೆ ಚೆನ್ನಾಗಿ ಬಗ್ಗಿದರೆ ಕಸಿಯಿಲ್ಲದೆಯೂ ಗುಣವಾಗುವ ಸಾಧ್ಯತೆಯಿದೆ. ಚಿಕಿತ್ಸೆ ನಡೆಯುತ್ತಿರುವಾಗಲೇ ಅಸ್ಥಿಮಜ್ಜೆಯಲ್ಲಿ ಮರಳಿ ಕಾಣಿಸಿಕೊಂಡರೆ, ಅಥವಾ ಅದು ಟಿ-ಕೋಶವೆಂಬ ಬಿಳಿರಕ್ತಕಣದ ಬಗೆಯದಾಗಿದ್ದರೆ, ಕೀಮೋವನ್ನಷ್ಟೇ ನೆಚ್ಚಿಕೊಳ್ಳಲಾಗದು. ನನ್ನ ತಂಗಿಯ ಮಗನದು ಚಿಕಿತ್ಸೆಯ ನಡುವೆಯೇ ಮರಳಿದ ಕಾಯಿಲೆ.

ಕಸಿ ಎಂದೊಡನೆ ಬಂಧುಗಳೆಲ್ಲ ಆಪರೇಷನ್ ಥಿಯೇಟರನ್ನು ಕಲ್ಪಿಸಿಕೊಂಡರು. ದಾನಿಯಾಗಬೇಕಿದ್ದ ಮೊಮ್ಮಗಳ, ಅಂದರೆ ಹುಡುಗನ ಪುಟ್ಟ ತಂಗಿಯ, ಬೆನ್ನುಮೂಳೆಗೆ ಏನಾದರೂ ಆದೀತೆಂದು ನಮ್ಮ ಅಮ್ಮ ಹೆದರಿದ್ದರು. ಒಡಹುಟ್ಟಿದವರಲ್ಲಿ ಎಚ್‌ಎಲ್‌ಎ, ಅಂದರೆ ಕಸಿಗೆ ಹೊಂದಬೇಕಾದ ಕೋಶಗಳ ಗುರುತು, ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು ಮಾತ್ರ. ಅದು ಹೊಂದಿತೆಂದು ಸಂತೋಷಪಡಲೂ ಅವರಿಗೆ ಆಗಲಿಲ್ಲ. ಮಜ್ಜೆಯನ್ನು ತೆಗೆಯುವುದು ಸೊಂಟದ ಮೂಳೆಯಿಂದ, ಅರಿವಳಿಕೆ ಕೊಟ್ಟು. ಬೆನ್ನುಹುರಿಯನ್ನು ಯಾರೂ ಮುಟ್ಟುವುದಿಲ್ಲ. ಪಡೆಯುವ ಮಗುವಿಗೆ ಅದು ರಕ್ತ ಕೊಟ್ಟ ಹಾಗೆಯೇ ಡ್ರಿಪ್‌ನಲ್ಲಿ ಇಳಿಯುತ್ತದೆ.

ನಿಜವಾದ ಕಷ್ಟವೆಲ್ಲ ಅದಕ್ಕೆ ಮುಂಚಿನ ವಾರದಲ್ಲಿದೆ. ಉಳಿದಿರುವ ಕ್ಯಾನ್ಸರ್ ಕೋಶಗಳನ್ನೂ ಮಗುವಿನ ಸ್ವಂತ ಮಜ್ಜೆಯನ್ನೂ ಒಟ್ಟಿಗೆ ಅಳಿಸಿಹಾಕುವ ಈ ಹಂತವನ್ನು ವೈದ್ಯರು ಕಂಡೀಷನಿಂಗ್ ಎನ್ನುತ್ತಾರೆ. ಇಡೀ ಮೈಗೆ ವಿಕಿರಣ ಕೊಡಬೇಕೇ ಅಥವಾ ತೀವ್ರ ಕೀಮೋ ಔಷಧಿಗಳಷ್ಟೇ ಸಾಕೇ ಎಂಬ ಪ್ರಶ್ನೆ ಅಲ್ಲಿ ಏಳುತ್ತದೆ. ವಿಕಿರಣದಿಂದ ಮಗುವಿನ ಬೆಳವಣಿಗೆ ಕುಂಠಿತವಾಗಬಹುದು, ಥೈರಾಯ್ಡ್ ಕೆಡಬಹುದು, ಕಣ್ಣಿಗೆ ಪೊರೆ ಬರಬಹುದು, ಮುಂದೆ ಸಂತಾನಶಕ್ತಿ ಇಲ್ಲವಾಗಬಹುದು, ದಶಕಗಳ ನಂತರ ಇನ್ನೊಂದು ಕ್ಯಾನ್ಸರ್ ಹುಟ್ಟಬಹುದು. ಹುಡುಗ ಇನ್ನೂ ಪ್ರಾಯಕ್ಕೆ ಬಂದಿರಲಿಲ್ಲವಾದ್ದರಿಂದ ವೀರ್ಯವನ್ನು ಶೇಖರಿಸಿಡುವ ದಾರಿಯೂ ಇರಲಿಲ್ಲ. ಇಷ್ಟನ್ನೂ ಕೇಳಿಸಿಕೊಂಡ ಯಾವ ತಾಯಿಯಾದರೂ ವಿಕಿರಣ ಬೇಡವೆನ್ನುತ್ತಾಳೆ. ತಂಗಿಯೂ ಹಾಗೆಯೇ ಹೇಳಿದಳು.

ಜಗತ್ತಿನ ತಜ್ಞರಿಗೂ ಅದೇ ಆಸೆಯಿತ್ತು. 2013ರಲ್ಲಿ ಆರಂಭವಾದ ‘ಫೋರಮ್’ ಎಂಬ ಅಧ್ಯಯನವು, ನಾಲ್ಕು ವರ್ಷ ದಾಟಿದ ಮಕ್ಕಳಲ್ಲಿ ವಿಕಿರಣದ ಜಾಗಕ್ಕೆ ಔಷಧಿಗಳನ್ನು ತಂದರೆ ಫಲಿತಾಂಶವೇನೂ ಕೆಡುವುದಿಲ್ಲವೆಂದು ತೋರಿಸುವ ಉದ್ದೇಶದಿಂದ ಹೊರಟಿತ್ತು. 35 ದೇಶಗಳ 417 ಮಕ್ಕಳನ್ನು ಎರಡು ಗುಂಪುಗಳಾಗಿ ಚೀಟಿ ಎತ್ತಿದಂತೆ ಹಂಚಿ, ಒಂದು ಗುಂಪಿಗೆ ವಿಕಿರಣದ ಜೊತೆ ಎಟೊಪೊಸೈಡ್ ಕೊಟ್ಟರು. ಇನ್ನೊಂದಕ್ಕೆ ಫ್ಲುಡಾರಬಿನ್, ಥಯೋಟೆಪಾಗಳ ಜೊತೆ ಬುಸಲ್ಫಾನ್ ಅಥವಾ ಟ್ರಿಯೋಸಲ್ಫಾನ್ ಕೊಟ್ಟರು. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ, 2019ರಲ್ಲಿ ಹಂಚಿಕೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು. ಎರಡು ವರ್ಷಗಳ ಹೊತ್ತಿಗೆ ವಿಕಿರಣ ಪಡೆದವರಲ್ಲಿ ಶೇ 91ರಷ್ಟು ಮಕ್ಕಳು ಬದುಕಿದ್ದರು, ಪಡೆಯದವರಲ್ಲಿ ಶೇ 75ರಷ್ಟು. ಕಾಯಿಲೆ ಮತ್ತೆ ಮರುಕಳಿಸಿದ ಪ್ರಮಾಣ ಮೊದಲ ಗುಂಪಿನಲ್ಲಿ ಶೇ 12, ಎರಡನೆಯದರಲ್ಲಿ ಶೇ 33. ಚಿಕಿತ್ಸೆಯಿಂದಲೇ ಸಾವಿಗೀಡಾದವರು ಎರಡೂ ಕಡೆ ಶೇ 2ರಷ್ಟು ಮಾತ್ರ. ತಾವು ಹಾರೈಸಿದ್ದಕ್ಕೆ ವಿರುದ್ಧವಾದ ಉತ್ತರವನ್ನು 2021ರಲ್ಲಿ ಅಷ್ಟೇ ನೇರವಾಗಿ ಪ್ರಕಟಿಸಿದ ಆ ಸಂಶೋಧಕರ ಬಗ್ಗೆ ನನಗೆ ದೊಡ್ಡ ಗೌರವವಿದೆ.

ನಮ್ಮ ವೈದ್ಯರು ಈ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು ತಂಗಿಯ ಮುಂದಿಟ್ಟರು. ನಾಳೆಯ ಕಣ್ಣಿನ ಪೊರೆಗೆ ಚಿಕಿತ್ಸೆಯಿದೆ, ಕಸಿಯ ನಂತರವೂ ಮರಳುವ ಲ್ಯುಕೇಮಿಯಾಕ್ಕೆ ದಾರಿಗಳು ಬಹಳ ಕಡಿಮೆ ಎಂದರು. ಅವಳು ಸಹಿ ಹಾಕಿದಳು. ದಿನಕ್ಕೆ ಎರಡು ಸಲದಂತೆ ಮೂರು ದಿನ, ಶ್ವಾಸಕೋಶಕ್ಕೆ ಹೆಚ್ಚು ತಾಗದಂತೆ ತಡೆಯಿಟ್ಟು, ಒಟ್ಟು 12 ಗ್ರೇ (ವಿಕಿರಣವನ್ನು ಅಳೆಯುವ ಮಾನ) ವಿಕಿರಣ ಕೊಟ್ಟರು.

ಕಸಿಯ ನಂತರದ ಬಾಯಿಹುಣ್ಣು, ಜ್ವರ, ರಕ್ತಕಣಗಳ ಕೌಂಟ್ ಏರುವುದಕ್ಕಾಗಿ ಕಾದದ್ದು, ಇವೆಲ್ಲ ಆ ವಾರ್ಡಿನ ಪ್ರತಿ ಮನೆಯವರಿಗೂ ಗೊತ್ತಿರುವ ಕಥೆಯೇ. ದಾನಿಯಾದ ಪುಟ್ಟ ಹುಡುಗಿಯ ರೋಗನಿರೋಧಕ ಕೋಶಗಳು ಅಣ್ಣನ ಮೈಯಲ್ಲಿ ಅಡಗಿದ್ದ ಕ್ಯಾನ್ಸರನ್ನು ಗುರುತಿಸಿ ಕೊಲ್ಲಬೇಕು, ಆದರೆ ಅವನ ಚರ್ಮ, ಕರುಳು, ಯಕೃತ್ತುಗಳ ಮೇಲೆ ಬೀಳಬಾರದು. ಈ ಎರಡನ್ನೂ ಸರಿದೂಗಿಸುವುದಕ್ಕೇ ತಿಂಗಳುಗಟ್ಟಲೆ ಸೈಕ್ಲೋಸ್ಪೋರಿನ್ ಎಂಬ, ರೋಗನಿರೋಧಕ ಕೋಶಗಳನ್ನು ಹತೋಟಿಯಲ್ಲಿಡುವ ಮಾತ್ರೆ. ಕಸಿಗೆ ಮುಂಚೆ ಬ್ಲಿನಾಟುಮೊಮ್ಯಾಬ್ ಎಂಬ, ರೋಗನಿರೋಧಕ ಕೋಶಗಳನ್ನು ಕ್ಯಾನ್ಸರಿನತ್ತ ತಿರುಗಿಸುವ ಔಷಧಿ ಕೊಟ್ಟು, ಉಳಿದ ಕಾಯಿಲೆಯನ್ನು ಇನ್ನಷ್ಟು ತಗ್ಗಿಸುವ ಕ್ರಮವೂ ಈಗ ಬಂದಿದೆ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ರೂಪುಗೊಂಡ, ರೋಗಿಯದೇ ಟಿ-ಕೋಶಗಳನ್ನು ಮಾರ್ಪಡಿಸಿ ಕ್ಯಾನ್ಸರಿನ ಮೇಲೆ ಬಿಡುವ ಕಾರ್-ಟಿ ಚಿಕಿತ್ಸೆಗೆ 2023ರಲ್ಲಿ ಒಪ್ಪಿಗೆ ಸಿಕ್ಕಾಗ ಅದು 15 ವರ್ಷ ತುಂಬಿದವರಿಗೆ ಎಂದಿದ್ದರಿಂದ ನಾವು ಆ ಕಡೆ ನೋಡುವಂತಿರಲಿಲ್ಲ.

ಹುಡುಗ ಈಗ ಶಾಲೆಗೆ ಹೋಗುತ್ತಿದ್ದಾನೆ. ಕೂಸಾಗಿದ್ದಾಗ ಹಾಕಿಸಿದ್ದ ಲಸಿಕೆಗಳನ್ನೆಲ್ಲ ಮೊದಲಿನಿಂದ ಹಾಕಿಸಬೇಕಾಗಿದೆ. ಎತ್ತರ, ಥೈರಾಯ್ಡ್, ಕಣ್ಣುಗಳ ತಪಾಸಣೆ ವರ್ಷವರ್ಷವೂ ನಡೆಯಬೇಕು. ಇದೇ ಹಾದಿಯಲ್ಲಿರುವ ತಂದೆತಾಯಿಯರಿಗೆ ನಾನು ಹೇಳುವುದಿಷ್ಟು: ಕೊಟ್ಟ ವಿಕಿರಣದ ಪ್ರಮಾಣವೂ ಪ್ರತಿ ಕೀಮೋ ಔಷಧಿಯ ಒಟ್ಟು ಡೋಸೂ ಡಿಸ್ಚಾರ್ಜ್ ಸಮರಿಯಲ್ಲಿ ನಮೂದಾಗಿವೆಯೇ ಎಂದು ನೋಡಿಕೊಳ್ಳಿ, ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಮಗು ಮೂವತ್ತರ ಹರೆಯದಲ್ಲಿ ಬೇರೆ ಊರಿನ ಬೇರೆ ವೈದ್ಯರ ಎದುರು ಕುಳಿತಾಗ ಅವರು ಮೊದಲು ಕೇಳುವುದು ಅದನ್ನೇ.