ಸ್ಕ್ಯಾನ್ ಮಾಡಿದ್ರೆ ಮುಗೀತಲ್ವಾ?

ನಾನು ಹಳೆಯ ಎತ್ತಿನ ಗಾಡಿಯೊಂದರ ತ್ರೀಡಿ ಮಾಡೆಲ್ ಮಾಡುತ್ತಿದ್ದೇನೆ ಅಂತ ಗೊತ್ತಾದವರೆಲ್ಲ ಕೇಳುವುದು ಒಂದೇ ಪ್ರಶ್ನೆ. "ಈಗ ಮೊಬೈಲಿನಲ್ಲೇ ತ್ರೀಡಿ ಸ್ಕ್ಯಾನ್ ಬರುತ್ತಲ್ಲ. ಗಾಡಿ ಸುತ್ತ ಒಂದು ಸುತ್ತು ಹಾಕಿದ್ರೆ ಮುಗೀತಲ್ವಾ? ಒಂದೊಂದು ಗೂಟ, ಒಂದೊಂದು ಅರ ಕೂತು ಮಾಡೋದು ಯಾಕೆ?"

ಕೇಳುವವರಲ್ಲಿ ಸ್ನೇಹಿತರಿದ್ದಾರೆ, ಆಫೀಸಿನವರಿದ್ದಾರೆ, ಊರಿನವರೂ ಇದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಎರಡು ಮಾತಿನಲ್ಲಿ ಹೇಳುವುದಾದರೆ, ಸ್ಕ್ಯಾನ್ ಮಾಡಿದರೆ ಸಿಗುವುದು ಗಾಡಿಯ ಹೊರಮೈ. ನನಗೆ ಬೇಕಾಗಿರುವುದು ಗಾಡಿಯ ಕಟ್ಟು. ಯಾವ ತುಂಡು ಯಾವುದರೊಳಗೆ ಹೋಗಿ ಕೂತಿದೆ, ಯಾವುದು ಯಾವುದನ್ನು ಹಿಡಿದಿದೆ, ಯಾವುದನ್ನು ಮೊದಲು ಬಿಚ್ಚಬೇಕು ಅನ್ನೋದು. ಅದು ಕ್ಯಾಮೆರಾಗೆ ಕಾಣುವುದಿಲ್ಲ.

ಸ್ಕ್ಯಾನ್ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ಹೇಳಿಬಿಡುತ್ತೇನೆ. ವಸ್ತುವಿನ ಸುತ್ತ ಒಂದರ ಮೇಲೊಂದು ಬರುವ ಹಾಗೆ ಹತ್ತಾರು ಫೋಟೊ ತೆಗೆಯಬೇಕು. ಮೆಶ್‌ರೂಮ್‌ನಂಥ ತಂತ್ರಾಂಶ ಆ ಫೋಟೊಗಳಲ್ಲಿ ಒಂದೇ ಬಿಂದು ಎಲ್ಲೆಲ್ಲಿ ಕಾಣಿಸುತ್ತದೆ ಅಂತ ಹುಡುಕುತ್ತದೆ. ಅದರಿಂದ ಕ್ಯಾಮೆರಾ ಎಲ್ಲಿತ್ತು, ಬಿಂದು ಎಷ್ಟು ದೂರದಲ್ಲಿದೆ ಅಂತ ಲೆಕ್ಕ ಹಾಕಿ ಮೈಯನ್ನು ಕಟ್ಟುತ್ತದೆ. ವೀರಗಲ್ಲಿಗೆ, ದೇವಸ್ಥಾನದ ಕಂಬಕ್ಕೆ ಇದು ತುಂಬಾ ಚೆನ್ನಾಗಿ ಒಪ್ಪುತ್ತದೆ. ಹಂಪಿಯ ಕಲ್ಲಿನ ರಥಕ್ಕೂ ಅಷ್ಟೇ. ಅದು ಶಿಲ್ಪ, ಅದರ ಕೆತ್ತನೆಯೇ ಮುಖ್ಯ. ಒರಟು ಕಲ್ಲಿನ ಮೈಮೇಲೆ ಗುರುತು ಹಿಡಿಯಲು ಬೇಕಾದಷ್ಟು ಕಲೆ, ಚುಕ್ಕೆ ಇರುತ್ತವೆ.

ಗಾಡಿಯ ಚಕ್ರಕ್ಕೆ ಬಂದರೆ ಕಷ್ಟ ಶುರು. ನಡುವಿನಿಂದ ಅಂಚಿಗೆ ಚಾಚಿದ ಹನ್ನೆರಡು ಅರವೂ ಒಂದೇ ಥರ. ಈ ಅರ ಯಾವುದು, ಆ ಅರ ಯಾವುದು ಅಂತ ತಂತ್ರಾಂಶಕ್ಕೆ ಗೊಂದಲ. ಅರಗಳ ಸಂದಿಯಲ್ಲಿ ಕಾಣುವ ಹಿಂದಿನ ಗೋಡೆಯೂ ಚಕ್ರಕ್ಕೆ ಅಂಟಿಕೊಂಡು ಬರುತ್ತದೆ. ಚಕ್ರದ ಸುತ್ತ ಹಾಕಿದ ಕಬ್ಬಿಣದ ಹಳಿ ರಸ್ತೆಗೆ ಉಜ್ಜಿ ಹೊಳೆಯುತ್ತಿದ್ದರೆ ಅಲ್ಲಿ ಮೈಯೇ ಸರಿಯಾಗಿ ಮೂಡುವುದಿಲ್ಲ. ಇದನ್ನೆಲ್ಲ ಒಳ್ಳೆಯ ಬೆಳಕು, ಒಳ್ಳೆಯ ಕ್ಯಾಮೆರಾ ಇಟ್ಟುಕೊಂಡು ಗೆಲ್ಲಬಹುದು ಅಂತಿಟ್ಟುಕೊಳ್ಳೋಣ. ಆಗಲೂ ಕೈಗೆ ಬರುವುದು ಲಕ್ಷಾಂತರ ತ್ರಿಕೋನಗಳ ಒಂದೇ ಒಂದು ಮುದ್ದೆ. ಅದರಲ್ಲಿ ಅರ ಅಂತ ಬೇರೆ ಇಲ್ಲ, ಚಕ್ರದ ನಡುವಿನ ಗುಂಬ ಅಂತ ಬೇರೆ ಇಲ್ಲ. ಚಕ್ರ ಕಳಚದಂತೆ ಅಚ್ಚಿನ ತುದಿಗೆ ಹಾಕುವ ಕಡಾಣಿ ಎಳೆದರೆ ಚಕ್ರ ಕಳಚುವುದಿಲ್ಲ.

ನಾನು ಮಾಡುತ್ತಿರುವ ಗಾಡಿ ತುಮಕೂರು ಕಡೆಯದು. ಸಾಮಾನು ಸಾಗಿಸುವ ಸಾದಾ ಗಾಡಿ, ಕಮಾನು ಇಲ್ಲ. ಎರಡು ದೊಡ್ಡ ಮರದ ಚಕ್ರ, ಅವೆರಡನ್ನೂ ಸೇರಿಸುವ ಅಚ್ಚು, ಮುಂದಕ್ಕೆ ಎತ್ತಿನ ಕಡೆಗೆ ಚಾಚಿದ ಉದ್ದದ ಮೂಕಿ, ನೊಗ, ಎರಡೂ ಬದಿಗೆ ಗೂಟ. ಕೆಲಸ ಮಾಡುವುದು ಬ್ಲೆಂಡರ್ ಅನ್ನುವ ತ್ರೀಡಿ ತಂತ್ರಾಂಶದಲ್ಲಿ. ಬ್ಲೆಂಡರ್ ಉಚಿತ, 2002ರಲ್ಲಿ ಅದರ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಬಳಕೆದಾರರೇ ಹಣ ಕೂಡಿಸಿ ಬಿಡಿಸಿಕೊಂಡರು. ನಮ್ಮಂಥವರು ಲೈಸೆನ್ಸಿನ ಚಿಂತೆ ಇಲ್ಲದೆ ಇಂಥ ಕೆಲಸಕ್ಕೆ ಕೈಹಾಕಲು ಸಾಧ್ಯವಾಗಿರುವುದು ಅವರಿಂದ.

ಈಗ ಗುಂಬದ ವಿಷಯಕ್ಕೆ ಬರುತ್ತೇನೆ. ಚಕ್ರದ ನಡುವಿನ ದಪ್ಪ ದಿಮ್ಮಿಗೆ ನಮ್ಮ ಕಡೆ ಗುಂಬ ಅನ್ನುತ್ತಾರೆ. ಹೊರಗಿಂದ ನೋಡಿದರೆ ಹನ್ನೆರಡು ಅರ ಅದರೊಳಗೆ ತೂರಿಕೊಂಡಿವೆ, ಅಷ್ಟೇ. ಒಳಗೆ ಎಷ್ಟು ದೂರ ಹೋಗಿವೆ, ಯಾವ ಆಕಾರದಲ್ಲಿ ಹೋಗಿವೆ, ಗೊತ್ತಾಗುವುದಿಲ್ಲ. ಸುಮ್ನೆ ನೋಡುವ ಮಾಡೆಲ್ ಆದರೆ ಅರವನ್ನು ಗುಂಬದೊಳಗೆ ತಳ್ಳಿ ಬಿಟ್ಟರಾಯಿತು. ಕಂಪ್ಯೂಟರಿನಲ್ಲಿ ಒಂದು ಮರದೊಳಗೆ ಇನ್ನೊಂದು ಮರ ತೂರಿದರೂ ಯಾರೂ ಕೇಳುವುದಿಲ್ಲ. ಆದರೆ ತೂತನ್ನೂ ಕೊರೆದು, ಅರದ ತುದಿಯನ್ನೂ ಸರಿಯಾಗಿ ಮಾಡಬೇಕು ಅಂತ ಕೂತರೆ ಲೆಕ್ಕ ಎದುರಿಗೆ ಬಂದು ನಿಲ್ಲುತ್ತದೆ.

ಗುಂಬದ ಅಡ್ಡಳತೆ 25 ಸೆಂಟಿಮೀಟರ್ ಅನ್ನಿ. ಸುತ್ತಳತೆ ಸುಮಾರು 78 ಸೆಂಟಿಮೀಟರ್ ಆಯಿತು. ಹನ್ನೆರಡರಿಂದ ಭಾಗಿಸಿದರೆ ಒಂದೊಂದು ಅರದ ಪಾಲಿಗೆ ಆರೂವರೆ ಸೆಂಟಿಮೀಟರ್. ತೂತು 3 ಸೆಂಟಿಮೀಟರ್ ಅಗಲ ಇದ್ದರೆ ಎರಡು ತೂತುಗಳ ನಡುವೆ ಮೂರೂವರೆ ಸೆಂಟಿಮೀಟರ್ ಮರ ಉಳಿಯುತ್ತದೆ, ಬೇಕಾದಷ್ಟಾಯಿತು. ಆದರೆ ಒಳಗೆ ಹೋದಷ್ಟೂ ಸುತ್ತು ಚಿಕ್ಕದಾಗುತ್ತದೆ. ನಡುಬಿಂದುವಿನಿಂದ 7 ಸೆಂಟಿಮೀಟರ್ ದೂರದಲ್ಲಿ ಒಂದು ಅರದ ಪಾಲು ಮೂರೂಮುಕ್ಕಾಲು ಸೆಂಟಿಮೀಟರೂ ಇರುವುದಿಲ್ಲ. ತೂತಿನ ಅಗಲ ಅಲ್ಲೂ 3 ಸೆಂಟಿಮೀಟರೇ ಇದ್ದರೆ ನಡುವೆ ಉಳಿಯುವ ಮರ ಒಂದು ಸೆಂಟಿಮೀಟರಿಗಿಂತ ಕಮ್ಮಿ. ಹೇರು ಬಿದ್ದರೆ ಅದು ಸೀಳಿಹೋಗುತ್ತದೆ. ಹಾಗಾದರೆ ಒಂದೋ ಅರದ ತುದಿ ಅಷ್ಟು ಒಳಗೆ ಹೋಗಿಲ್ಲ, ಇಲ್ಲವೇ ಹೋಗ್ತಾ ಹೋಗ್ತಾ ಕಿರಿದಾಗಿದೆ.

ಇದನ್ನು ಕೇಳಲು ಊರಿನ ಆಚಾರ್ರ ಹತ್ತಿರ ಹೋದೆ. ಗಾಡಿ ಕೆಲಸ ನಿಲ್ಲಿಸಿ ಬಹಳ ವರ್ಷವಾಗಿದೆ, ಈಗ ಮನೆಯವರು ಬಾಗಿಲು ಕಿಟಕಿ ಮಾಡುತ್ತಾರೆ. ಪ್ರಶ್ನೆ ಕೇಳಿ ಅವರಿಗೇ ಆಶ್ಚರ್ಯ.

"ಒಳಗಿಂದು ನಿಂಗ್ಯಾಕಪ್ಪಾ? ಅದು ಕಾಣೋದೇ ಇಲ್ವಲ್ಲ."

"ಕಾಣಲ್ಲ ಅಂತಾನೇ ಕೇಳ್ತಿರೋದು ಆಚಾರ್ರೇ," ಅಂದೆ.

ಮಾತಾಡದೆ ಎದ್ದುಹೋಗಿ ಕೊಟ್ಟಿಗೆಯಿಂದ ಅರ್ಧ ಸೀಳಿದ್ದ ಹಳೆಯ ಗುಂಬವೊಂದನ್ನು ಉರುಳಿಸಿಕೊಂಡು ಬಂದರು. ಸೌದೆಗೆ ಅಂತ ಇಟ್ಟಿದ್ದಂತೆ. ಸೀಳಿದ ಕಡೆ ತೂತಿನ ಒಳಗೋಡೆ ಪೂರ್ತಿ ಕಾಣುತ್ತಿತ್ತು. ಬಾಯಿಯಲ್ಲಿ ಅಗಲ, ಒಳಗೆ ಕಿರಿದು. ಉಳಿಯ ಏಟು ಒಂದೊಂದೂ ಗೋಡೆಯ ಮೇಲೆ ಹಾಗೇ ಉಳಿದಿತ್ತು. ಅರ ಒಳಗೆ ಹೋಗ್ತಾ ಹೋಗ್ತಾ ಬಿಗಿಯಾಗುವ ಹಾಗೆ ತೆಗೆದ ತೂತು ಅದು. ಗಾಡಿ ನಡೆದಂತೆಲ್ಲ ಹೇರಿನ ಒತ್ತಡವೇ ಅರವನ್ನು ಇನ್ನಷ್ಟು ಒಳಗೆ ಕೂರಿಸುತ್ತದೆ. ವರ್ನಿಯರ್ ಹಿಡಿದು ಅಳತೆ ತೆಗೆದುಕೊಂಡೆ. ಪ್ರಶ್ನೆ ಕೇಳುವವರಿಗೆ ನಾನು ತೋರಿಸುವುದು ಆ ಒಂದು ತೂತಿನ ಮಾಡೆಲ್ಲನ್ನೇ. ಗಾಡಿಯ ಜಾಣತನ ಇರುವುದು ಅಲ್ಲಿ. ಗಾಡಿ ಇಡಿಯಾಗಿ ನಿಂತಿರುವ ತನಕ ಅದು ಯಾರಿಗೂ ಕಾಣುವುದಿಲ್ಲ. ಗಾಡಿ ಒಲೆಗೆ ಹೋದ ಮೇಲೆ ಅದು ಇರುವುದೂ ಇಲ್ಲ.

ಹಳಿಯದೂ ಇಂಥದ್ದೇ ಕಥೆ. ಚಕ್ರದ ಸುತ್ತು ಆರು ಬಾಗಿದ ತುಂಡುಗಳಿಂದ ಆಗಿದೆ. ಒಂದೊಂದು ತುಂಡಿಗೆ ಎರಡೆರಡು ಅರ. ಇವನ್ನೆಲ್ಲ ಒಟ್ಟಿಗೆ ಹಿಡಿದಿರುವುದು ಹೊರಗಿನ ಕಬ್ಬಿಣದ ಹಳಿ. ಕಮ್ಮಾರರು ಹಳಿಯನ್ನು ಚಕ್ರದ ಸುತ್ತಳತೆಗಿಂತ ಬೇಕೆಂದೇ ಒಂಚೂರು ಚಿಕ್ಕದಾಗಿ ಮಾಡುತ್ತಾರೆ. ಬೆರಣಿ, ಸೌದೆ ಒಟ್ಟಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಇಕ್ಕಳದಲ್ಲಿ ಹಿಡಿದು ಚಕ್ರಕ್ಕೆ ಇಳಿಸಿ, ಸುತ್ತಿಗೆಯಿಂದ ಬಡಿದು ಕೂರಿಸಿ ತಕ್ಷಣ ನೀರು ಹೊಯ್ಯುತ್ತಾರೆ. ಹಳಿ ಕುಗ್ಗುತ್ತದೆ. ಆ ಬಿಗಿತಕ್ಕೆ ಸುತ್ತಿನ ತುಂಡುಗಳ ನಡುವಿನ ಸಂದು ಮುಚ್ಚಿಕೊಳ್ಳುತ್ತದೆ, ಅರಗಳೆಲ್ಲ ಗುಂಬದ ಕಡೆಗೆ ಒತ್ತಿಕೊಳ್ಳುತ್ತವೆ. ಸಡಿಲವಾಗಿದ್ದ ಹತ್ತೊಂಬತ್ತು ಮರದ ತುಂಡು ಒಂದೇ ಚಕ್ರವಾಗುತ್ತದೆ.

ಎಷ್ಟು ಹಿಗ್ಗುತ್ತದೆ ಅಂತ ಕೂತು ಲೆಕ್ಕ ಹಾಕಿದೆ. ನಾಲ್ಕೂವರೆ ಅಡಿ ಚಕ್ರ ಅಂದರೆ ಸುತ್ತಳತೆ ಸುಮಾರು 4.3 ಮೀಟರ್. ಕಬ್ಬಿಣ ಒಂದು ಡಿಗ್ರಿ ಬಿಸಿಗೆ ಮೀಟರಿಗೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಹನ್ನೆರಡು ಪಾಲು ಹಿಗ್ಗುತ್ತದೆ. 500 ಡಿಗ್ರಿ ಕಾಯಿಸಿದರೆ ಒಟ್ಟು ಎರಡೂವರೆ ಸೆಂಟಿಮೀಟರ್. ಅಡ್ಡಳತೆಯಲ್ಲಿ ನೋಡಿದರೆ 8 ಮಿಲಿಮೀಟರ್ ಅಷ್ಟೇ. ಕಮ್ಮಾರರಿಗೆ ಸಿಗುವ ಅವಕಾಶ ಅಷ್ಟೇ. ಅದರೊಳಗೇ ಹಳಿ ಇಳಿಯಬೇಕು, ತಣಿದ ಮೇಲೆ ಬಿಗಿಯಾಗಬೇಕು. ಜಾಸ್ತಿ ಬಿಗಿಯಾದರೆ ಅರಗಳು ಬಾಗುತ್ತವೆ, ಕಮ್ಮಿಯಾದರೆ ಬೇಸಿಗೆಯಲ್ಲಿ ಮರ ಒಣಗಿ ಹಳಿ ಕಳಚುತ್ತದೆ. ಥರ್ಮಾಮೀಟರ್ ಇಲ್ಲದೆ ಬರೀ ಕಬ್ಬಿಣದ ಬಣ್ಣ ನೋಡಿ ಇದನ್ನು ಮಾಡುತ್ತಿದ್ದರು. ಆ ಕೈಗಳ ಬಗ್ಗೆ ನನಗಿರುವ ಗೌರವವನ್ನು ಹೇಗೆ ಹೇಳಲಿ.

ಅದಕ್ಕೇ ನನ್ನ ಮಾಡೆಲ್‌ನಲ್ಲಿ ಚಕ್ರಕ್ಕೆ ಎರಡು ಸ್ಥಿತಿ ಇದೆ, ಹಳಿ ಏರುವ ಮುಂಚಿನದು ಮತ್ತು ಏರಿದ ಮೇಲಿನದು. ಬ್ಲೆಂಡರ್‌ನಲ್ಲಿ ಶೇಪ್ ಕೀ ಅಂತ ಒಂದು ಸೌಲಭ್ಯವಿದೆ. ಅದರ ಗುಂಡಿಯನ್ನು ಸರಿಸಿದರೆ ಸಂದುಗಳು ಮುಚ್ಚಿಕೊಳ್ಳುವುದು ಕಾಣುತ್ತದೆ. ನಿಂತ ಗಾಡಿಯನ್ನು ಎಷ್ಟು ಸಲ ಸ್ಕ್ಯಾನ್ ಮಾಡಿದರೂ ಇದು ಸಿಗುವುದಿಲ್ಲ.

ಮರದ ನಾರಿನ ಬಗ್ಗೆಯೂ ಹೇಳಲೇಬೇಕು. ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುವ ಎಷ್ಟೋ ಗಾಡಿ ಮಾಡೆಲ್‌ಗಳಲ್ಲಿ ಮರದ ಗೆರೆಗಳು ಚಕ್ರದ ಸುತ್ತಿನ ಜೊತೆ ದುಂಡಗೆ ಸುತ್ತಿಕೊಂಡು ಹೋಗುತ್ತವೆ. ನಮ್ಮ ಗಾಡಿಯಲ್ಲಿ ಹಾಗಿಲ್ಲ. ಸುತ್ತಿನ ತುಂಡನ್ನು ನೇರ ಹಲಗೆಯಿಂದ ಬಾಗಿಸಿ ಕೊಯ್ದಿರುತ್ತಾರೆ. ಆಕಾರ ಬಾಗಿದ್ದರೂ ನಾರು ನೇರವಾಗೇ ಇರುತ್ತದೆ. ತುಂಡಿನ ನಡುವೆ ಗೆರೆ ಉದ್ದಕ್ಕೆ ಓಡುತ್ತದೆ, ತುದಿಗೆ ಬರುವಷ್ಟರಲ್ಲಿ ಅಂಚನ್ನು ಕತ್ತರಿಸಿಕೊಂಡು ಹೊರಗೆ ಹೋಗುತ್ತದೆ. ಗುಂಬ ಮರದ ಬೊಡ್ಡೆಯದ್ದು, ಅದರ ಮುಖದ ಮೇಲೆ ಉಂಗುರಗಳು, ನಡುವಿನಿಂದ ಹೊರಕ್ಕೆ ಬಿರುಕುಗಳು. ಹೀಗೆ ಪ್ರತಿ ತುಂಡಿಗೂ ಅದು ಯಾವ ಕಡೆ ಕೊಯ್ದ ಮರ ಅಂತ ಯೋಚಿಸಿಯೇ ಟೆಕ್ಸ್ಚರ್, ಅಂದರೆ ಮೈಮೇಲಿನ ಮರದ ಚಿತ್ರ, ಹಾಸಬೇಕು.

ಮರದ ಜಾತಿಯೂ ಬೇರೆ ಬೇರೆ. ಗುಂಬ, ಅರಕ್ಕೆ ಜಾಲಿ. ಅಚ್ಚಿಗೆ ದಿಂಡಿಗದಂಥ ಗಟ್ಟಿ, ಬಾಗಿದರೂ ಮುರಿಯದ ಮರ. ಗಾಡಿಯ ಮೇಲೆ ಬಿದಿರು. ಒಂದೇ ಕಂದು ಬಣ್ಣ ಎಲ್ಲದಕ್ಕೂ ಬಳಿದರೆ ಅನ್ಯಾಯ. ಇನ್ನು ಕೀಲೆಣ್ಣೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಅಚ್ಚಿಗೆ ಬಳಿಯುತ್ತಿದ್ದರು. ಗುಂಬದ ಬಾಯಿ ಸುತ್ತ ಅದು ವರ್ಷಗಟ್ಟಲೆ ಮೆತ್ತಿ, ಧೂಳು ಕೂತು, ಕಪ್ಪಗೆ ಹೊಳೆಯುವ ಪದರವಾಗಿದೆ. ನೊಗದ ಮೇಲೆ ಹಗ್ಗ ಉಜ್ಜಿದ ಜಾಗ ಮಾತ್ರ ನುಣುಪು. ಹಳಿಯ ಬದಿ ತುಕ್ಕು, ನೆಲ ಮುಟ್ಟುವ ಮೈ ಬೆಳ್ಳಗೆ.

ಉಚಿತ ಮಾಡೆಲ್‌ಗಳಲ್ಲಿ ನನಗೆ ತೀರಾ ಬೇಜಾರಾಗುವುದು ಇನ್ನೊಂದು. ಎತ್ತಿಲ್ಲದ ಗಾಡಿ ನೆಲಕ್ಕೆ ಸಮನಾಗಿ, ಮೂಕಿ ಗಾಳಿಯಲ್ಲಿ ಚಾಚಿಕೊಂಡು ನಿಂತಿರುತ್ತದೆ. ಎರಡು ಚಕ್ರದ ಗಾಡಿ ಹಾಗೆ ನಿಲ್ಲುವುದಿಲ್ಲ. ಎತ್ತು ಬಿಚ್ಚಿದರೆ ಮೂಕಿ ನೆಲಕ್ಕೆ ಬರುತ್ತದೆ, ಇಲ್ಲವೇ ಕೆಳಗೊಂದು ಕೋಲು ಆನಿಸಬೇಕು. ಹೇರು ಹಾಕುವಾಗಲೂ ಇದೇ ಲೆಕ್ಕ. ಭಾರ ಹಿಂದಕ್ಕೆ ಬಿದ್ದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕೊರಳಿಗೆ ಕುತ್ತು. ಜಾಸ್ತಿ ಮುಂದಕ್ಕೆ ಬಿದ್ದರೆ ಹೆಗಲು ಹುಣ್ಣಾಗುತ್ತದೆ. ಗಾಡಿ ಹೊಡೆಯುವವರು ಮೂಟೆಗಳನ್ನು ಒಂಚೂರು ಹಿಂದೆ ಮುಂದೆ ಸರಿಸಿ ಸಮ ಮಾಡಿಕೊಳ್ಳುತ್ತಿದ್ದರು. ಬೆಂಗಳೂರು ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿಯವರು ವರ್ಷಗಟ್ಟಲೆ ಗಾಡಿಯ ಸುಧಾರಣೆಗೆ ದುಡಿದವರು. ಎತ್ತಿನ ಹೆಗಲಿನ ನೋವು ಅವರು ಮತ್ತೆ ಮತ್ತೆ ಎತ್ತುತ್ತಿದ್ದ ವಿಷಯ. ಒಂದೊಂದು ತುಂಡಿಗೂ ಅದರ ಮರದ ತೂಕ ಕೊಟ್ಟರೆ ಇಡೀ ಗಾಡಿಯ ಭಾರ ಅಚ್ಚಿನ ಮುಂದೆ ಎಷ್ಟು, ಹಿಂದೆ ಎಷ್ಟು ಅಂತ ಮಾಡೆಲ್‌ನಿಂದಲೇ ಲೆಕ್ಕ ತೆಗೆಯಬಹುದು. ನಾನೀಗ ಅದೇ ಕೆಲಸದಲ್ಲಿದ್ದೇನೆ.

ಹಾಗಂತ ಸ್ಕ್ಯಾನ್ ಬೇಡವೇ ಬೇಡ ಅನ್ನುವವನಲ್ಲ ನಾನು. ನಾನೂ ಬಳಸುತ್ತೇನೆ. ಸವೆದ ನೊಗದ ತಗ್ಗು, ಗೂಟದ ಸೊಟ್ಟ, ಬಿರುಕಿನ ದಾರಿ, ಇವನ್ನು ಟೇಪಿನಲ್ಲಿ ಅಳೆಯಲು ಆಗುವುದಿಲ್ಲ. ಸ್ಕ್ಯಾನನ್ನು ಕೆಳಗೆ ಹಾಸಿಕೊಂಡು ಅದರ ಮೇಲೆ ತುಂಡು ತುಂಡಾಗಿ ಕಟ್ಟುತ್ತೇನೆ. ಸಮಯ ಇಲ್ಲದಿದ್ದರೆ, ಗಾಡಿ ನಾಳೆಯೇ ಗುಜರಿಗೆ ಹೋಗುವುದಿದ್ದರೆ, ಸ್ಕ್ಯಾನ್ ಮಾಡಿಯಾದರೂ ಇಡಿ. ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ.

ಟಯರ್ ಗಾಡಿ ಬಂದ ಮೇಲೆ ಮರದ ಚಕ್ರ ಮೂಲೆ ಸೇರಿತು. ಈಗ ಟ್ರ್ಯಾಕ್ಟರ್ ಬಂದು ಟಯರ್ ಗಾಡಿಯೂ ಕಮ್ಮಿಯಾಗಿದೆ. ಎಷ್ಟೋ ಮನೆಗಳ ಹಿತ್ತಲಲ್ಲಿ ಇನ್ನೂ ಒಂದೊಂದು ಚಕ್ರ ಗೋಡೆಗೆ ಒರಗಿದೆ, ಎಷ್ಟೋ ಚಕ್ರಗಳು ರೆಸಾರ್ಟಿನ ಗೇಟಿಗೆ ಮಾರಾಟವಾಗಿವೆ. ನಿಮ್ಮ ಮನೆಯಲ್ಲಿ ಒಂದಿದ್ದರೆ ದಯವಿಟ್ಟು ಮಾರುವ ಮುಂಚೆ ಇಷ್ಟು ಬರೆದಿಡಿ. ಚಕ್ರದ ಅಡ್ಡಳತೆ. ಅರ ಎಷ್ಟು, ಸುತ್ತಿನ ತುಂಡು ಎಷ್ಟು. ಗುಂಬದ ಉದ್ದ, ಹೊರಗಿನ ದಪ್ಪ, ಒಳಗಿನ ತೂತು. ಎರಡು ಚಕ್ರಗಳ ನಡುವಿನ ದೂರ. ಅಚ್ಚಿನಿಂದ ಮೂಕಿಯ ತುದಿಗೆ ಎಷ್ಟು. ನೊಗದ ಉದ್ದ, ಎತ್ತು ಕಟ್ಟುವ ಎರಡು ಜಾಗಗಳ ನಡುವಿನ ಅಂತರ. ಅಳತೆ ಕೋಲು ಪಕ್ಕದಲ್ಲಿಟ್ಟು, ನೇರಕ್ಕೆ ನಿಂತು, ಮುಂದಿನಿಂದ, ಬದಿಯಿಂದ, ಮೇಲಿನಿಂದ ಫೋಟೊ. ಹಳಿಯ ಬೆಸುಗೆ ಎಲ್ಲಿದೆ ಅಂತ ಹುಡುಕಿ ಅದರದ್ದೂ ಒಂದು ಫೋಟೊ. ಆ ಗಾಡಿ ಮಾಡಿದ ಆಚಾರ್ರು, ಹಳಿ ಕಟ್ಟಿದ ಕಮ್ಮಾರರು ಇನ್ನೂ ಇದ್ದರೆ ಈ ಭಾನುವಾರವೇ ಹೋಗಿ ಮಾತಾಡಿಸಿ. ಫೋನಿನ ರೆಕಾರ್ಡರ್ ಆನ್ ಮಾಡಿಟ್ಟುಕೊಂಡು, ಗುಂಬದ ಒಳಗೆ ಹೇಗೆ ತೆಗೆಯುತ್ತಿದ್ದರು ಅಂತ ಮೊದಲು ಕೇಳಿ.