ಮಿನಿ ಟ್ರ್ಯಾಕ್ಟರಿಗೆ ನಾಲ್ಕಡಿ ಸ್ಲ್ಯಾಶರ್ ಸಾಕು

ನಮ್ಮ ತಿಪಟೂರು ಕಡೆ ತೆಂಗಿನ ತೋಟದಲ್ಲಿ ಮಿನಿ ಟ್ರ್ಯಾಕ್ಟರ್ ಓಡಾಡುವುದು ಈಗ ಮಾಮೂಲಿ. ವರ್ಷಾನುಗಟ್ಟಲೆ ರೋಟವೇಟರ್ ಹೊಡೆದು ನೆಲ ಹಿಟ್ಟು ಮಾಡಿದವರು ಒಬ್ಬೊಬ್ಬರಾಗಿ ಸ್ಲ್ಯಾಶರ್ ಕಡೆ, ಅಂದರೆ ಟ್ರ್ಯಾಕ್ಟರ್ ಹಿಂದೆ ಕಟ್ಟಿ ಹುಲ್ಲು ಕೊಯ್ಯುವ ಯಂತ್ರದ ಕಡೆ, ಬರುತ್ತಿದ್ದಾರೆ. ಒಳ್ಳೆಯದೇ. ಮೇಲ್ಮಣ್ಣಿನ ಬೇರು ಕತ್ತರಿಸುವುದಿಲ್ಲ, ಜೋರು ಮಳೆಗೆ ಮಣ್ಣು ಕೊಚ್ಚಿ ಹೋಗುವುದಿಲ್ಲ, ಕೊಯ್ದ ಹುಲ್ಲು ಅಲ್ಲೇ ನೆಲಕ್ಕೆ ಹೊದಿಕೆ ಆಗುತ್ತದೆ. ಆದರೆ ಕೊಳ್ಳಲು ಹೊರಟವರೆಲ್ಲ ಕೇಳುವುದು ಒಂದೇ ಪ್ರಶ್ನೆ. ಐದಡಿಯದು ತಗೊಳ್ಳಲಾ, ಆರಡಿಯದು ತಗೊಳ್ಳಲಾ? ಟ್ರ್ಯಾಕ್ಟರ್ ಯಾವುದು ಅಂದರೆ 24 ಎಚ್‌ಪಿ.

ನಾಲ್ಕಡಿ ತಗೊಳ್ಳಿ. ಯಾಕೆ ಅಂತ ಲೆಕ್ಕ ಹಾಕೋಣ.

24 ಎಚ್‌ಪಿ ಅನ್ನುವುದು ಎಂಜಿನ್ ಮೇಲೆ ಬರೆದಿರುವ ಮಾತು. ಹಿಂದೆ ಪಿಟಿಒಗೆ, ಅಂದರೆ ಕಟ್ಟಿದ ಯಂತ್ರವನ್ನು ತಿರುಗಿಸುವ ಟ್ರ್ಯಾಕ್ಟರಿನ ದಂಡಕ್ಕೆ, ಬಂದು ಮುಟ್ಟುವುದು ಸುಮಾರು 20. ಸ್ಲ್ಯಾಶರ್‌ಗೆ ಅಡಿಗೆ ಐದು ಎಚ್‌ಪಿ ಅಂತ ಇಟ್ಟುಕೊಳ್ಳುವುದು ವಾಡಿಕೆ. ನಾಲ್ಕಡಿಗೆ 20, ಅಲ್ಲಿಗೆ ಮುಗೀತು. ಐದಡಿ ಕಟ್ಟಿದರೂ ಎಳೆಯುತ್ತದೆ, ಎಳೆಯಲ್ಲ ಅಂತಲ್ಲ. ತೆಳ್ಳಗಿನ ಹುಲ್ಲಿನಲ್ಲಿ ಚೆನ್ನಾಗಿಯೇ ಹೋಗುತ್ತದೆ. ಎದೆಮಟ್ಟ ಬೆಳೆದ ಕಾಂಗ್ರೆಸ್ ಗಿಡದ ಮಧ್ಯೆ ನುಗ್ಗಿದಾಗ ಎಂಜಿನ್ ಹೊಗೆ ಕಾರುತ್ತಾ ಕೂತುಬಿಡುತ್ತದೆ ಅಷ್ಟೇ.

ಅಗಲ ಜಾಸ್ತಿ ಇದ್ದರೆ ಕೆಲಸ ಬೇಗ ಆಗುತ್ತದೆ ಅನ್ನುವವರಿಗೆ ಇನ್ನೊಂದು ಲೆಕ್ಕ. ಮರದ ಸಾಲಿಂದ ಸಾಲಿಗೆ 30 ಅಡಿ ಅಂತ ಇಟ್ಟುಕೊಳ್ಳಿ. ಎರಡೂ ಕಡೆ ಮರದ ಪಾತಿಗೆ ಆರಾರು ಅಡಿ ಬಿಟ್ಟರೆ ನಡುವೆ ಉಳಿಯುವುದು 18 ಅಡಿ. ಪ್ರತಿ ಸಲ ನಾಲ್ಕಿಂಚು ಒಂದರ ಮೇಲೊಂದು ಬರುವ ಹಾಗೆ ಹೊಡೆದರೆ ನಾಲ್ಕಡಿ ಸ್ಲ್ಯಾಶರ್‌ಗೆ ಐದು ಸಾಲು, ಐದಡಿಯದಕ್ಕೆ ನಾಲ್ಕು. ವ್ಯತ್ಯಾಸ ಒಂದೇ ಸಾಲು! ಅದಕ್ಕೋಸ್ಕರ ಭಾರ ಜಾಸ್ತಿ, ತಿರುಗಿಸುವಾಗ ಮರಕ್ಕೆ ತಾಗುವ ಭಯ ಜಾಸ್ತಿ, ಎತ್ತಿದಾಗ ಮುಂದಿನ ಚಕ್ರ ಹಗುರ. ಮಿನಿ ಟ್ರ್ಯಾಕ್ಟರ್ ಅಗಲವೇ ಮೂರೂವರೆ ಅಡಿ ಆಸುಪಾಸು, ನಾಲ್ಕಡಿ ಸ್ಲ್ಯಾಶರ್ ಎರಡೂ ಟೈರಿನ ಗುರುತು ಮುಚ್ಚಿಕೊಂಡೇ ಹೋಗುತ್ತದೆ. ಇನ್ನೇನು ಬೇಕು?

ಅಂಗಡಿಗೆ ಹೋದಾಗ ಮೇಲಿನ ಪೇಂಟ್ ನೋಡಬೇಡಿ, ಬಗ್ಗಿ ಕೆಳಗೆ ನೋಡಿ. ಬ್ಲೇಡ್ ಕೂತಿರುವುದು ಉದ್ದನೆಯ ಪಟ್ಟಿಯ ಮೇಲಾ, ಅಥವಾ ದುಂಡಗಿನ ತಟ್ಟೆಯ ಮೇಲಾ? ತಟ್ಟೆಯದೇ ಇರಲಿ. ಕಲ್ಲು, ಬೊಡ್ಡೆ, ಸಣ್ಣ ಹುತ್ತ ಸಿಕ್ಕಾಗ ತಟ್ಟೆ ಅದರ ಮೇಲೆ ಜಾರಿಕೊಂಡು ಹೋಗುತ್ತದೆ, ಪಟ್ಟಿ ಆದರೆ ನೇರ ಹೋಗಿ ಬಡಿಯುತ್ತದೆ. ಬ್ಲೇಡನ್ನು ಕೈಯಲ್ಲಿ ತಳ್ಳಿ ನೋಡಿ, ಬೋಲ್ಟಿನ ಮೇಲೆ ಸಲೀಸಾಗಿ ತಿರುಗಬೇಕು. ಗಟ್ಟಿ ವಸ್ತುವಿಗೆ ತಾಗಿದಾಗ ಹಿಂದಕ್ಕೆ ಮಡಚಿಕೊಳ್ಳಲಿ ಅಂತಲೇ ಅದನ್ನು ಹಾಗೆ ಕೂರಿಸಿರುತ್ತಾರೆ. ಗೇರ್ ಬಾಕ್ಸ್ ಕೂತ ಜಾಗದಲ್ಲಿ ತಗಡಿನ ಕೆಳಗೆ ಚಾನೆಲ್ ಕೊಟ್ಟು ಬೆಸುಗೆ ಹಾಕಿದ್ದಾರಾ ನೋಡಿ. ಸುಮ್ನೆ ತಗಡಿಗೇ ಬೋಲ್ಟ್ ಹೊಡೆದಿದ್ದರೆ ಸ್ವಲ್ಪ ದಿನಕ್ಕೇ ಅಲ್ಲಿ ಬಿರುಕು ಬರುತ್ತದೆ. ಮುಂದೆ ಹಿಂದೆ ಚೈನ್ ಪರದೆ ಇಲ್ಲದ್ದು ಬೇಡವೇ ಬೇಡ. ಬೇಕಾದರೆ ಬೇರೆ ದುಡ್ಡು ಕೊಟ್ಟು ಹಾಕಿಸಿಕೊಳ್ಳಿ ಅನ್ನುತ್ತಾರೆ, ಹಾಕಿಸಿಕೊಳ್ಳಿ. ಸಬ್ಸಿಡಿ ಬೇಕಿದ್ದರೆ ಕೊಳ್ಳುವ ಮುಂಚೆಯೇ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಆದರೆ ಸಬ್ಸಿಡಿ ಪಟ್ಟಿಯಲ್ಲಿ ದೊಡ್ಡದು ಮಾತ್ರ ಇದೆ ಅಂತ ದೊಡ್ಡದನ್ನೇ ತರುವುದು ಮಾತ್ರ ಬೇಡ. ಹೋಬಳಿಯ ಕೃಷಿ ಯಂತ್ರಧಾರೆಯಲ್ಲಿ ಬಾಡಿಗೆಗೆ ಸಿಕ್ಕಿದರೆ ಒಂದು ದಿನ ತಂದು ಹೊಡೆದು ನೋಡಿ, ಅರ್ಧ ಅನುಮಾನ ಅಲ್ಲೇ ತೀರುತ್ತದೆ.

ಈಗ ಯಾರೂ ಕೇಳದ, ಆದರೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ನಿಮ್ಮ ಟ್ರ್ಯಾಕ್ಟರ್ ಸಿಂಗಲ್ ಕ್ಲಚ್ಚಾ, ಡಬಲ್ ಕ್ಲಚ್ಚಾ?

ಸಿಂಗಲ್ ಕ್ಲಚ್ ಟ್ರ್ಯಾಕ್ಟರಿನಲ್ಲಿ ಪೆಡಲ್ ತುಳಿದರೆ ಎಂಜಿನ್ ಬೇರೆಯಾಗುತ್ತದೆ, ಸರಿ. ಆದರೆ ಪಿಟಿಒ ಮತ್ತು ಚಕ್ರ ಒಂದಕ್ಕೊಂದು ಗೇರಿನಲ್ಲಿ ಕಚ್ಚಿಕೊಂಡೇ ಇರುತ್ತವೆ. ಹಿಂದೆ ಸ್ಲ್ಯಾಶರ್ ಬ್ಲೇಡ್ ತಿರುಗುವ ರಭಸ ಇನ್ನೂ ಇಳಿದಿಲ್ಲ. ಆ ರಭಸವೇ ಪಿಟಿಒ ಮೂಲಕ ವಾಪಸ್ ಬಂದು ಚಕ್ರವನ್ನು ಮುಂದಕ್ಕೆ ತಳ್ಳುತ್ತದೆ. ನೀವು ಕ್ಲಚ್ ತುಳಿದು ಕೂತಿದ್ದೀರಿ, ಟ್ರ್ಯಾಕ್ಟರ್ ಮಾತ್ರ ಹೋಗುತ್ತಲೇ ಇದೆ. ಪಕ್ಕದ ತೋಟದವರೊಬ್ಬರು ಹೀಗೇ ಬದುವಿನ ಕಲ್ಲುಕಂಬ ಎರಡನ್ನು ಬೀಳಿಸಿದರು. ಬ್ರೇಕ್ ಹಿಡಿದಿಲ್ಲ ಅಂತ ಮೆಕ್ಯಾನಿಕ್‌ಗೆ ಬೈದರು, ಪಾಪ ಅವನ ತಪ್ಪೇನೂ ಇರಲಿಲ್ಲ.

ಇದಕ್ಕೆ ಓವರ್ ರನ್ನಿಂಗ್ ಕ್ಲಚ್ ಅಂತ ಒಂದು ಸಣ್ಣ ಸಾಮಾನು ಬರುತ್ತದೆ. ಪಿಟಿಒಗೂ, ಅಲ್ಲಿಂದ ಸ್ಲ್ಯಾಶರಿಗೆ ತಿರುಗುವ ಬಲ ಒಯ್ಯುವ ಶಾಫ್ಟಿಗೂ ನಡುವೆ ಕೂರುತ್ತದೆ. ಸೈಕಲ್ಲಿನ ಫ್ರೀವೀಲ್ ಇದ್ದ ಹಾಗೆ, ಟ್ರ್ಯಾಕ್ಟರ್ ತಿರುಗಿಸಿದರೆ ಬ್ಲೇಡ್ ತಿರುಗುತ್ತದೆ, ಬ್ಲೇಡ್ ತಿರುಗಿದರೆ ಟ್ರ್ಯಾಕ್ಟರ್ ತಿರುಗುವುದಿಲ್ಲ. ಕೆಲವು ಶಾಫ್ಟ್‌ಗಳಲ್ಲಿ ಒಳಗೇ ಇರುತ್ತದೆ, ಕೇಳಿಕೊಳ್ಳಿ. ಡಬಲ್ ಕ್ಲಚ್ ಅಂದರೆ ಪಿಟಿಒಗೂ ಚಕ್ರಕ್ಕೂ ಬೇರೆ ಬೇರೆ ಕ್ಲಚ್, ಅದು ಇದ್ದವರಿಗೆ ಈ ಕಷ್ಟ ಇಲ್ಲ.

ಪಿಟಿಒ ಸ್ಪೀಡ್ ಬಗ್ಗೆಯೂ ಹೇಳಿಬಿಡುತ್ತೇನೆ. ಕೆಲವು ಮಿನಿ ಟ್ರ್ಯಾಕ್ಟರುಗಳಲ್ಲಿ ನಿಮಿಷಕ್ಕೆ 540 ಸುತ್ತಿನ ಜೊತೆಗೆ ಇನ್ನೊಂದು ಸ್ಪೀಡ್ ಇರುತ್ತದೆ, 750 ಅಥವಾ 980. ಸ್ಲ್ಯಾಶರ್‌ಗೆ 540 ಮಾತ್ರ. ನನ್ನದರ ಗೇರ್ ಬಾಕ್ಸ್ 1ಕ್ಕೆ 1.93, ಅಂದರೆ ಪಿಟಿಒ 540 ತಿರುಗಿದರೆ ಬ್ಲೇಡ್ ನಿಮಿಷಕ್ಕೆ 1,040 ಸುತ್ತು. ನಾಲ್ಕಡಿ ಅಗಲದಲ್ಲಿ ಬ್ಲೇಡ್ ತುದಿಯ ವೇಗ ಗಂಟೆಗೆ 235 ಕಿ.ಮೀ. ಆಸುಪಾಸು. 980ಕ್ಕೆ ಹಾಕಿದರೆ ಅದೇ ತುದಿ 400 ದಾಟುತ್ತದೆ. ಆ ವೇಗದಲ್ಲಿ ಬ್ಲೇಡ್ ಬೋಲ್ಟ್ ಕಿತ್ತು ಬಂದರೆ ಎಲ್ಲಿಗೆ ಹೋಗುತ್ತದೋ ದೇವರೇ ಬಲ್ಲ.

ಮನೆಗೆ ತಂದ ಮೇಲೆ ಮೊದಲ ಕೆಲಸ ಶಾಫ್ಟ್ ಉದ್ದ. ಹೊಸ ಸ್ಲ್ಯಾಶರ್ ಜೊತೆ ಬರುವ ಶಾಫ್ಟ್ ದೊಡ್ಡ ಟ್ರ್ಯಾಕ್ಟರಿನ ಲೆಕ್ಕಕ್ಕೆ ಇರುತ್ತದೆ, ಮಿನಿಗೆ ಸಾಮಾನ್ಯವಾಗಿ ಉದ್ದವೇ. ಹಾಗೇ ಹೇರಿ ಸಿಕ್ಕಿಸಿ ಹೈಡ್ರಾಲಿಕ್ ಎತ್ತಿದರೆ ಒಳ ಕೊಳವೆ ಹೋಗಿ ತಳಕ್ಕೆ ಗುದ್ದುತ್ತದೆ, ಪಿಟಿಒ ಬೇರಿಂಗಿಗೋ ಗೇರ್ ಬಾಕ್ಸಿಗೋ ಪೆಟ್ಟು. ಕತ್ತರಿಸುವ ಮುಂಚೆ ಓವರ್ ರನ್ನಿಂಗ್ ಕ್ಲಚ್ ಕೂರಿಸಿಕೊಳ್ಳಿ, ಅದೇ ಮೂರ್ನಾಲ್ಕು ಇಂಚು ತಿನ್ನುತ್ತದೆ. ಶಾಫ್ಟ್ ಬಿಟ್ಟು ಸ್ಲ್ಯಾಶರ್ ಮಾತ್ರ ಕಟ್ಟಿ ನಿಧಾನ ಎತ್ತಿ ಇಳಿಸಿ. ಪಿಟಿಒಗೂ ಗೇರ್ ಬಾಕ್ಸಿಗೂ ಅಂತರ ಅತೀ ಕಡಿಮೆ ಎಲ್ಲಿ ಬರುತ್ತದೋ ಅಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಸ್ಲ್ಯಾಶರ್ ಕೆಳಗೆ ಮರದ ದಿಮ್ಮಿ ಕೊಡಿ. ಬರೀ ಹೈಡ್ರಾಲಿಕ್ ನಂಬಿ ಕೈ ಹಾಕಬೇಡಿ. ಶಾಫ್ಟಿನ ಎರಡು ತುಂಡನ್ನೂ ಬೇರೆ ಮಾಡಿ ಒಂದೊಂದು ಕಡೆ ಸಿಕ್ಕಿಸಿ, ಅಕ್ಕಪಕ್ಕ ಹಿಡಿದು ಸೀಮೆಸುಣ್ಣದಲ್ಲಿ ಗುರುತು ಹಾಕಿ. ಇನ್ನೂ ಒಂದೂವರೆ ಇಂಚು ಆಟ ಉಳಿಯುವಷ್ಟು ಕತ್ತರಿಸಬೇಕು. ಒಳ ಕೊಳವೆ, ಹೊರ ಕೊಳವೆ, ಎರಡರ ಪ್ಲಾಸ್ಟಿಕ್ ಕವಚ, ನಾಲ್ಕರಲ್ಲೂ ಅಷ್ಟಷ್ಟೇ ಉದ್ದ ತೆಗೆಯಿರಿ. ಕತ್ತರಿಸಿದ ಅಂಚಿಗೆ ಒಳಗೂ ಹೊರಗೂ ಅರ ಹಾಕಿ, ಲೋಹದ ಪುಡಿ ಒರೆಸಿ, ಗ್ರೀಸ್ ಸವರಿ ಸೇರಿಸಿ. ಎರಡು ತುದಿಯ ಯೋಕ್ (ಕವೆಯಂಥ ಭಾಗ) ಒಂದೇ ಸಾಲಿನಲ್ಲಿ ಕೂತಿವೆಯಾ ನೋಡಿ, ಇಲ್ಲದಿದ್ದರೆ ಎಷ್ಟು ನಿಧಾನ ಹೋದರೂ ನಡುಗುತ್ತದೆ. ಸ್ಲ್ಯಾಶರ್ ಪೂರ್ತಿ ಇಳಿಸಿದಾಗಲೂ ಒಂದು ಕೊಳವೆ ಇನ್ನೊಂದರೊಳಗೆ ಕಡೇಪಕ್ಷ ಮೂರನೇ ಒಂದು ಭಾಗ ಇರಬೇಕು.

ಆ ಪ್ಲಾಸ್ಟಿಕ್ ಕವಚ ಅಡ್ಡಿ ಅಂತ ಕಿತ್ತು ಬಿಸಾಕುವವರಿದ್ದಾರೆ. ಹೆಗಲ ಮೇಲೆ ಟವೆಲ್, ಸೊಂಟದಲ್ಲಿ ಲುಂಗಿ, ಪಕ್ಕದಲ್ಲಿ ನಿಮಿಷಕ್ಕೆ 540 ಸುತ್ತು ತಿರುಗುವ ಬರೀ ಶಾಫ್ಟ್. ಜಾಸ್ತಿ ಹೇಳಬೇಕಿಲ್ಲ ಅಲ್ವಾ?

ಶಿಯರ್ ಬೋಲ್ಟ್ ಇರುವ ಶಾಫ್ಟ್ ಆದರೆ ನಾಲ್ಕೈದು ಬೋಲ್ಟ್ ಟೂಲ್ ಬಾಕ್ಸಿನಲ್ಲಿ ಇಟ್ಟುಕೊಳ್ಳಿ. ಭಾರ ಮಿತಿಮೀರಿದಾಗ ತಾನು ತುಂಡಾಗಿ ಗೇರ್ ಬಾಕ್ಸ್ ಉಳಿಸುವುದೇ ಅದರ ಕೆಲಸ. ಪದೇ ಪದೇ ತುಂಡಾಗುತ್ತದೆ ಅಂತ ಕೈಗೆ ಸಿಕ್ಕಿದ ಗಟ್ಟಿ ಬೋಲ್ಟ್ ಬಿಗಿದರೆ ಮುಂದಿನ ಸಲ ತುಂಡಾಗುವುದು ಗೇರ್ ಬಾಕ್ಸಿನ ಹಲ್ಲು. ಮ್ಯಾನುಯಲ್‌ನಲ್ಲಿ ಹೇಳಿದ ಗ್ರೇಡೇ ಹಾಕಿ, ನಂಬರ್ ಬೋಲ್ಟಿನ ತಲೆ ಮೇಲೆ ಇರುತ್ತದೆ. ಬೋಲ್ಟಿನ ಬದಲು, ಭಾರ ಜಾಸ್ತಿಯಾದಾಗ ಜಾರುವ ಸ್ಲಿಪ್ ಕ್ಲಚ್ ಇದ್ದರೆ ಬೇರೆ ಕಥೆ. ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ನಿಂತರೆ ಅದರ ಪ್ಲೇಟುಗಳು ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಮೇಲೆ ಕಲ್ಲು ಸಿಕ್ಕರೂ ಜಾರುವುದಿಲ್ಲ. ಸ್ಪ್ರಿಂಗಿನ ಉದ್ದ ಅಳೆದು ಬರೆದುಕೊಂಡು, ನಟ್ ಸಡಿಲಿಸಿ, ಪ್ಲೇಟುಗಳ ಅಂಚಿನ ಮೇಲೆ ಅಡ್ಡ ಗೀಟು ಎಳೆದು, ಒಂದೆರಡು ಸೆಕೆಂಡ್ ಪಿಟಿಒ ಕೊಡಿ. ಗೀಟು ಮುರಿದಿದ್ದರೆ ಜಾರಿದೆ ಅಂತ ಅರ್ಥ. ಮತ್ತೆ ಅದೇ ಅಳತೆಗೆ ಬಿಗಿಯಿರಿ.

ಇನ್ನು ಮಟ್ಟ. ಇದನ್ನು ತೋಟದಲ್ಲಿ ಮಾಡಬೇಡಿ, ಕೊಬ್ಬರಿ ಒಣಹಾಕುವ ಸಿಮೆಂಟ್ ಕಣ ಇದ್ದರೆ ಅಲ್ಲಿ ಮಾಡಿ. ಹಿಂದಿನ ಎರಡೂ ಟೈರಿನ ಗಾಳಿ ಮೊದಲು ಸಮ ಮಾಡಿ, ಆಮೇಲೆ ಬಲಗಡೆ ಲಿಫ್ಟ್ ರಾಡ್ (ಸ್ಲ್ಯಾಶರ್ ಎತ್ತುವ ಸರಳು) ತಿರುಗಿಸಿ ಎಡ ಬಲ ಸಮಕ್ಕೆ ತನ್ನಿ. ಮುಂದೆ ಹಿಂದೆ ಮಾತ್ರ ಸಮ ಬೇಡ, ಮುಂದುಗಡೆ ಅರ್ಧದಿಂದ ಮುಕ್ಕಾಲು ಇಂಚು ತಗ್ಗಿರಬೇಕು. ತಗಡಿನ ಅಂಚು ಅಳೆದರೆ ಮೋಸ, ಬ್ಲೇಡಿನ ತುದಿಯನ್ನೇ ಅಳೆಯಿರಿ. ಎಂಜಿನ್ ಆಫ್, ಕೀ ಜೇಬಿನಲ್ಲಿ. ಬ್ಲೇಡನ್ನು ಕೈಯಲ್ಲಿ ಮುಂದಕ್ಕೆ ತಂದು ನೆಲದಿಂದ ಎಷ್ಟು ಅಂತ ನೋಡಿ, ಅದೇ ಬ್ಲೇಡನ್ನು ಹಿಂದಕ್ಕೆ ತಿರುಗಿಸಿ ಮತ್ತೆ ನೋಡಿ. ಮುಂದೆ ನಾಲ್ಕಿಂಚು ಇದ್ದರೆ ಹಿಂದೆ ನಾಲ್ಕೂವರೆ ದಾಟಿರಲಿ. ಹಿಂದಿನ ಎತ್ತರ ಸ್ಲ್ಯಾಶರಿನ ಹಿಂಚಕ್ರದಲ್ಲಿ, ಮುಂದಿನದು ಹೈಡ್ರಾಲಿಕ್ ಲಿವರಿನಲ್ಲಿ. ಲಿವರಿನ ಪಕ್ಕ ತಡೆಯುವ ಸ್ಕ್ರೂ ಇದ್ದರೆ ಅಲ್ಲಿಗೇ ಬಿಗಿದುಬಿಡಿ, ಪ್ರತಿ ತಿರುವಿನಲ್ಲೂ ಅಂದಾಜು ಮಾಡುವ ತಲೆನೋವಿಲ್ಲ.

ಈ ಅರ್ಧ ಇಂಚಿನಲ್ಲೇ ಇರುವುದು ಡೀಸೆಲ್ ಉಳಿತಾಯ. ಮುಂದೆ ತಗ್ಗಿದ್ದಾಗ ಬ್ಲೇಡ್ ಮುಂದಿನ ಅರ್ಧ ಸುತ್ತಿನಲ್ಲಿ ಹುಲ್ಲು ಕೊಯ್ದು, ಹಿಂದಿನ ಅರ್ಧದಲ್ಲಿ ಕೊಯ್ದ ಕೂಳೆಯ ಮೇಲೆ ಗಾಳಿಯಲ್ಲಿ ಹೋಗುತ್ತದೆ. ಹಿಂದೆ ತಗ್ಗಿದ್ದರೆ ಕೊಯ್ದದ್ದನ್ನೇ ಮತ್ತೆ ಮತ್ತೆ ಕೊಚ್ಚುತ್ತದೆ, ಎಂಜಿನ್ ಸುಮ್ನೆ ಏದುಸಿರು ಬಿಡುತ್ತದೆ. ಬೇಕಂತಲೇ ಪುಡಿ ಮಾಡಬೇಕಾದಾಗ, ಉದಾಹರಣೆಗೆ ಒಣ ತೆಂಗಿನ ಗರಿ ಇದ್ದಾಗ, ನಾನು ಮುಂದೆ ಹಿಂದೆ ಸಮಕ್ಕೆ ತಂದು ಲೋ ಒಂದನೇ ಗೇರಿನಲ್ಲಿ ಹೋಗುತ್ತೇನೆ. ಗರಿಯ ದಪ್ಪ ಬುಡ ಮೊದಲೇ ಕಡಿದು ಸೌದೆಗೆ ಹಾಕಿರಬೇಕು. ಅದಕ್ಕೆ ನಾಲ್ಕಡಿ ಸ್ಲ್ಯಾಶರ್ ಹಲ್ಲು ಕಚ್ಚುವುದಿಲ್ಲ, ರಾಶಿ ಹಾಕಿದ ಗರಿಯನ್ನಂತೂ ಮುಟ್ಟುವುದೇ ಬೇಡ.

ಟಾಪ್ ಲಿಂಕ್, ಅಂದರೆ ಟ್ರ್ಯಾಕ್ಟರಿಗೂ ಸ್ಲ್ಯಾಶರಿಗೂ ನಡುವಿನ ಮೇಲಿನ ಸರಳು, ಬಿಗಿ ಮಾಡಬೇಡಿ. ಕೆಲಸ ಮಾಡುವಾಗ ಹಿಂಚಕ್ರ ನೆಲಕ್ಕೆ ತಾಗಿ ಏರುತಗ್ಗಿಗೆ ತಕ್ಕಂತೆ ತಾನೇ ಮೇಲೆ ಕೆಳಗೆ ಆಗುವಷ್ಟು ಸಡಿಲ ಇರಬೇಕು. ಹೊಡೆದ ಜಾಗದಲ್ಲಿ ಅಲೆ ಅಲೆಯಾಗಿ ಕಂಡರೆ ಒಂದೋ ಟಾಪ್ ಲಿಂಕ್ ಬಿಗಿ, ಇಲ್ಲಾ ನೀವು ಜೋರು. ಒಂದು ಪಕ್ಕದಲ್ಲಿ ಜುಟ್ಟು ಉಳಿದಿದ್ದರೆ ಎಡ ಬಲ ಮತ್ತೆ ನೋಡಿ. ಎಲ್ಲ ಕಡೆ ಹುಲ್ಲು ಬಾಗಿ ಮಲಗಿ ಆಮೇಲೆ ಎದ್ದು ನಿಂತರೆ ಎಂಜಿನ್ ಆರ್‌ಪಿಎಂ ಕಡಿಮೆ. ಮೀಟರಿನಲ್ಲಿ 540ರ ಗುರುತಿಗೆ ಮುಳ್ಳು ತಂದು, ನಿಧಾನ ಆಗಬೇಕಿದ್ದರೆ ಗೇರ್ ಇಳಿಸಿ. ಆಕ್ಸಿಲರೇಟರ್ ಇಳಿಸಿದರೆ ಬ್ಲೇಡ್ ಕೊಯ್ಯುವುದಿಲ್ಲ, ಬಡಿಯುತ್ತದೆ.

ಬ್ಲೇಡನ್ನು ಮಚ್ಚಿನ ಹಾಗೆ ಮಸೆಯುವುದು ದಂಡ. ಮೊದಲ ಕಲ್ಲಿಗೇ ಅಂಚು ಮಡಚಿಕೊಳ್ಳುತ್ತದೆ. ಒಂದೂವರೆ, ಎರಡು ಮಿ.ಮೀ. ದಪ್ಪ ಅಂಚು ಉಳಿಸಿ, ಕಂಪನಿ ಕೊಟ್ಟ ಓರೆಯಲ್ಲೇ ಗ್ರೈಂಡರ್ ಹಿಡಿಯಿರಿ. ಎರಡನ್ನೂ ತಕ್ಕಡಿಗೆ ಹಾಕಿ ತೂಕ ಸಮ ಮಾಡಿ. ಒಂದು ಮುರಿದರೆ ಎರಡೂ ಬದಲಿಸಿ. ವೆಲ್ಡಿಂಗ್ ಮಾಡಿಸಿದರೆ ಆ ಶಾಖಕ್ಕೆ ಉಕ್ಕಿನ ಹದ ಹೋಗುತ್ತದೆ, ಇನ್ನೊಂದು ಸಲ ಅಲ್ಲೇ ಪಕ್ಕದಲ್ಲಿ ಮುರಿಯುತ್ತದೆ.

ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುಂಚೆ ಹೊಡೆಯಿರಿ, ಬಿಳಿ ಹೂ ತುಂಬಿದ ಮೇಲೆ ಹೊಡೆದರೆ ಬೀಜ ಬಿತ್ತಿದ ಹಾಗೇ. ಗರಿಕೆ, ಜೇಕು ಸ್ಲ್ಯಾಶರ್‌ಗೆ ಸಾಯುವುದಿಲ್ಲ, ತಗ್ಗುತ್ತವೆ ಅಷ್ಟೇ. ಹೊಡೆಯುವಾಗ ದನ, ಮಕ್ಕಳು, ಕಾಯಿ ಆಯುವವರು ಯಾರೂ ಹತ್ತಿರ ಇರಬಾರದು. ಕಲ್ಲು ಚೈನ್ ಪರದೆ ದಾಟಿ ಬಹಳ ದೂರ ಹಾರುತ್ತದೆ. ಪಿಟಿಒ ಬಿಟ್ಟ ಮೇಲೂ ಬ್ಲೇಡ್ ತಿರುಗುತ್ತಲೇ ಇರುತ್ತದೆ, ಪೂರ್ತಿ ನಿಂತ ಮೇಲೆ ಇಳಿಯಿರಿ.

ಸಂಜೆ ಶಾಫ್ಟಿನ ಕೀಲುಗಳಾದ ಕ್ರಾಸ್‌ಗಳಿಗೆ ಗ್ರೀಸ್ ಹೊಡೆದು, ದಿಮ್ಮಿ ಕೊಟ್ಟು, ಒಮ್ಮೆ ಕೆಳಗೆ ಬಗ್ಗಿ ನೋಡಿ. ತಟ್ಟೆಯ ಮೇಲೆ, ಗೇರ್ ಬಾಕ್ಸಿನ ಕಂಠದ ಸುತ್ತ, ಹಳೇ ಡ್ರಿಪ್ ಪೈಪು, ಗೊಬ್ಬರದ ಚೀಲದ ದಾರ, ತೆಂಗಿನ ನಾರು ಎಲ್ಲ ಸೇರಿ ಹಗ್ಗದ ಹಾಗೆ ಹೊಸೆದುಕೊಂಡಿರುತ್ತದೆ. ಕುಡುಗೋಲಿನ ತುದಿಯಲ್ಲಿ ಕತ್ತರಿಸಿ ತೆಗೆಯಿರಿ. ಬಿಟ್ಟರೆ ಅದು ಮೇಲಕ್ಕೆ ಏರಿ ಆಯಿಲ್ ಸೀಲ್ ಕೊಯ್ಯುತ್ತದೆ, ಗೇರ್ ಬಾಕ್ಸಿನ 90 ನಂಬರ್ ಆಯಿಲ್ ಹನಿಹನಿಯಾಗಿ ಇಳಿದು ಹುಲ್ಲಿಗೆ ಸೇರುತ್ತದೆ, ನೆಲದ ಮೇಲೆ ಕಲೆಯೂ ಕಾಣುವುದಿಲ್ಲ. ಗೇರ್ ಬಾಕ್ಸ್ ಕಿರುಗುಟ್ಟಿದಾಗಲೇ ಗೊತ್ತಾಗುವುದು. ಸೀಲಿನ ಬೆಲೆ ಏನೂ ಅಲ್ಲ, ಆದರೆ ಅದನ್ನು ಬದಲಿಸಬೇಕಾದರೆ ತಟ್ಟೆಯ ದೊಡ್ಡ ನಟ್ ಬಿಚ್ಚಬೇಕು, ಅದಕ್ಕೆ ಬೇಕಾದ ಸ್ಪ್ಯಾನರ್ ಊರಲ್ಲಿ ಯಾರ ಹತ್ತಿರವೂ ಇರುವುದಿಲ್ಲ.