ಈಜು ಬರುತ್ತದೆ, ಇನ್ನೇನು ಓದಬೇಕು?

ಬೇಸಿಗೆ ಶಿಬಿರಗಳು ಹತ್ತಿರವಾದಂತೆ ಪ್ರತಿ ವರ್ಷ ನಾಲ್ಕೈದು ಮಂದಿ, ಈಜುಕೊಳದ ನೀರಿನಲ್ಲಿ ವ್ಯಾಯಾಮ ಮಾಡಿಸುವ ನನ್ನ ಕೆಲಸ ಕಲಿಯಲೆಂದು, ನನ್ನನ್ನು ಹುಡುಕಿಕೊಂಡು ಬರುತ್ತಾರೆ. ದೈಹಿಕ ಶಿಕ್ಷಣದ ಬಿ.ಪಿ.ಎಡ್. ಪದವಿ ಮುಗಿಸಿದವರು, ಮೈಸೂರಿನ ಜಿಮ್‌ಗಳಲ್ಲಿ ತರಬೇತಿ ಕೊಡುತ್ತಿರುವವರು, ಮಂಡ್ಯದ ಕಡೆ ವಿಶ್ವೇಶ್ವರಯ್ಯ ನಾಲೆಯಲ್ಲಿ ಈಜಿ ಬೆಳೆದ ಹುಡುಗರು. ಎಲ್ಲರ ಪ್ರಶ್ನೆಯೂ ಒಂದೇ: "ಮೇಡಂ, ನನಗೆ ಈಜು ಬರುತ್ತದೆ, ವ್ಯಾಯಾಮ ಮಾಡಿಸಿ ಅಭ್ಯಾಸವೂ ಇದೆ. ಅದನ್ನೇ ನೀರಿನಲ್ಲಿ ನಿಲ್ಲಿಸಿ ಮಾಡಿಸಿದರೆ ಸಾಲದೇ? ವ್ಯಾಯಾಮ ವಿಜ್ಞಾನ ಎಂದು ಬೇರೆ ಓದಬೇಕೇ?"

ಓದಬೇಕು. ನೆಲದ ಮೇಲೆ ವ್ಯಾಯಾಮ ಮಾಡಿಸುವವರು ಓದುವುದಕ್ಕಿಂತ ಒಂದು ಪಾಲು ಹೆಚ್ಚೇ ಓದಬೇಕು. ನೀರಿಗೆ ಇಳಿದ ಕೂಡಲೇ ಭಾರ ಬೀಳುವ ದಿಕ್ಕು ಬದಲಾಗುತ್ತದೆ, ಕೆಲಸ ಮಾಡುವ ಸ್ನಾಯು ಬದಲಾಗುತ್ತದೆ, ಹೃದಯದ ಲೆಕ್ಕವೂ ಬದಲಾಗುತ್ತದೆ. ದಂಡೆಯ ಮೇಲೆ ನಿಂತವರ ಕಣ್ಣಿಗೆ ಇದ್ಯಾವುದೂ ಕಾಣುವುದಿಲ್ಲ.

ಹೋದ ವರ್ಷ ನಡೆದದ್ದನ್ನು ಹೇಳುತ್ತೇನೆ. ನನ್ನ ಬೆಳಗಿನ ತಂಡದಲ್ಲಿ ಹೆಚ್ಚಿನವರು ಐವತ್ತು ದಾಟಿದವರು. ಮಂಡಿನೋವು, ಸಕ್ಕರೆ ಕಾಯಿಲೆ, ಬಿ.ಪಿ. ಯಾವುದೂ ಇಲ್ಲದವರು ಕಡಿಮೆ. ಮುಕ್ಕಾಲು ಪಾಲು ಜನರಿಗೆ ಈಜು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಎದೆಮಟ್ಟದ ನೀರಿನಲ್ಲಿ ಕಾಲೂರಿ ನಿಂತು ಮಾಡುವ ವ್ಯಾಯಾಮ ಇದು. ಕಲಿಯಲು ಬಂದಿದ್ದ ಜಿಮ್ ತರಬೇತುದಾರನೊಬ್ಬನಿಗೆ ಹತ್ತು ನಿಮಿಷ ತರಗತಿ ನಡೆಸಲು ಹೇಳಿದೆ. ಒಳ್ಳೆಯ ಹುಡುಗ, ದನಿ ಗಟ್ಟಿ, ಜನರ ಮೇಲೆ ಕಾಳಜಿಯೂ ಇದೆ. ಎಲ್ಲರ ಕೈಗೂ ನೀರಿನಲ್ಲಿ ತೇಲುವ ಹಗುರವಾದ ಫೋಮ್ ಡಂಬೆಲ್ ಕೊಟ್ಟು, "ಮೊಣಕೈ ಮಡಿಸಿ, ಮೇಲೆತ್ತಿ, ಬೈಸೆಪ್ಸ್ ಬಿಗಿಯಾಗಲಿ" ಎಂದು ಎಣಿಸತೊಡಗಿದ. ಎರಡನೆಯ ಸಾಲಿನಲ್ಲಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಕೈ ನಿಲ್ಲಿಸಿದರು. "ಏನಪ್ಪಾ, ಇದು ತಾನಾಗಿಯೇ ಮೇಲೆ ಬರುತ್ತಿದೆ, ನಾನು ಎತ್ತುವುದೇನಿದೆ? ಕೆಳಗೆ ಒತ್ತುವಾಗಲೇ ಕಷ್ಟ. ಬಿಗಿತ ಇಲ್ಲಿ ಬರುತ್ತಿದೆ" ಎಂದು ತೋಳಿನ ಹಿಂಭಾಗವನ್ನು ಮುಟ್ಟಿ ತೋರಿಸಿದರು. ಹುಡುಗ ನನ್ನ ಮುಖ ನೋಡಿದ.

ಅವರು ಹೇಳಿದ್ದೇ ಸರಿ. ಜಿಮ್‌ನಲ್ಲಿ ಕಬ್ಬಿಣದ ಡಂಬೆಲ್ ಹಿಡಿದರೆ ಭೂಮಿ ಅದನ್ನು ಕೆಳಕ್ಕೆ ಎಳೆಯುತ್ತದೆ. ಮೇಲೆತ್ತುವಾಗ ತೋಳಿನ ಮುಂಭಾಗದ ಬೈಸೆಪ್ಸ್ ಕುಗ್ಗುತ್ತಾ ದುಡಿಯುತ್ತದೆ. ನಿಧಾನವಾಗಿ ಇಳಿಸುವಾಗಲೂ ಅದೇ ಸ್ನಾಯು ಹಿಗ್ಗುತ್ತಾ ಭಾರವನ್ನು ತಡೆಯುತ್ತದೆ. ಫೋಮ್ ಡಂಬೆಲ್ ಹಾಗಲ್ಲ. ನೀರು ಅದನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಆದ್ದರಿಂದ ಕೆಳಕ್ಕೆ ಒತ್ತುವುದೇ ಕೆಲಸ, ಅದನ್ನು ಮಾಡುವುದು ತೋಳಿನ ಹಿಂಭಾಗದ ಟ್ರೈಸೆಪ್ಸ್. ಮೇಲೆ ಬರುವಾಗ ಡಂಬೆಲ್ ಚಿಮ್ಮದಂತೆ ತಡೆಹಿಡಿಯುವುದೂ ಅದೇ ಟ್ರೈಸೆಪ್ಸ್. ಹುಡುಗ ಹತ್ತು ನಿಮಿಷ ಮಾಡಿಸಿದ್ದು ತಾನು ಹೆಸರು ಹೇಳಿದ ಸ್ನಾಯುವಿನ ಎದುರಿನದಕ್ಕೆ.

ಕೈಯಲ್ಲಿ ಏನೂ ಇಲ್ಲದಿದ್ದರೆ ಲೆಕ್ಕ ಮತ್ತೊಂದು. ನೀರಿನೊಳಗೆ ಬರಿಗೈಯನ್ನು ಯಾವ ಕಡೆಗೆ ಒಯ್ದರೂ ನೀರು ಅದಕ್ಕೆ ಎದುರಾಗಿ ನಿಲ್ಲುತ್ತದೆ. ಮೊಣಕೈ ಮಡಿಸುವಾಗ ಬೈಸೆಪ್ಸ್, ಬಿಚ್ಚುವಾಗ ಟ್ರೈಸೆಪ್ಸ್; ಎರಡೂ ಕುಗ್ಗುತ್ತಲೇ ದುಡಿಯುತ್ತವೆ, ಹಿಗ್ಗುತ್ತಾ ಭಾರ ತಡೆಯುವ ಕೆಲಸ ಹೆಚ್ಚುಕಡಿಮೆ ಇರುವುದೇ ಇಲ್ಲ. ನೀರಿನ ವ್ಯಾಯಾಮ ಮಾಡಿದ ಮರುದಿನ ಮೈಕೈ ನೋವು ಅಷ್ಟಾಗಿ ಕಾಡದಿರುವುದಕ್ಕೆ ಇದೇ ದೊಡ್ಡ ಕಾರಣ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಹತ್ತಿ ಇಳಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ: ಹತ್ತುವಾಗ ಏದುಸಿರು ಬರುತ್ತದೆ, ಆದರೆ ಮರುದಿನ ತೊಡೆ ಹಿಡಿದುಕೊಳ್ಳುವುದು ಮುಖ್ಯವಾಗಿ ಇಳಿದದ್ದರಿಂದ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಾ ಇಡೀ ದೇಹದ ಭಾರವನ್ನು ತಡೆದಿರುತ್ತದೆ. ನೋವಿಲ್ಲ ಎಂಬುದು ನಮ್ಮ ಹಿರಿಯರಿಗೆ ವರದಾನವೇ. ಆದರೆ ಕುರ್ಚಿಯಲ್ಲಿ ಮೆಲ್ಲಗೆ ಕೂರುವುದಕ್ಕೆ, ಮೆಟ್ಟಿಲು ಇಳಿಯುವುದಕ್ಕೆ ಬೇಕಾದದ್ದು ಆ ಹಿಗ್ಗುವ ಶಕ್ತಿಯೇ. ಅದಕ್ಕಾಗಿ ನಾನು ತರಗತಿಯ ಕೊನೆಗೆ ಎಲ್ಲರನ್ನೂ ದಂಡೆಗೆ ಕರೆದು ಬೆಂಚಿನ ಮೇಲೆ ನಿಧಾನವಾಗಿ ಕೂರಿಸಿ ಏಳಿಸುತ್ತೇನೆ. ಯಾವ ಸ್ನಾಯು ಯಾವಾಗ ಹೇಗೆ ದುಡಿಯುತ್ತದೆ ಎಂದು ಓದದಿದ್ದರೆ ಈ ಕೊರತೆ ಇದೆ ಎಂಬುದೇ ಹೊಳೆಯುತ್ತಿರಲಿಲ್ಲ.

ಇನ್ನು ತೇಲುವ ವಿಷಯ. ಆರ್ಕಿಮಿಡೀಸ್ ತತ್ವವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ, ಆದರೆ ಬಾವಿಯಲ್ಲಿ ನೀರು ಸೇದಿದವರಿಗೆ ಅದು ಅಂಗೈಯಲ್ಲೇ ಗೊತ್ತಿದೆ. ಕೊಡ ನೀರೊಳಗೆ ಇರುವಷ್ಟು ಹೊತ್ತು ಹಗ್ಗ ಹಗುರ. ನೀರಿನಿಂದ ಮೇಲೆದ್ದ ಕ್ಷಣ ಭುಜ ಜಗ್ಗುತ್ತದೆ. ನಮ್ಮ ಮೈಯೂ ಹಾಗೆಯೇ. ಸೊಂಟದವರೆಗೆ ನೀರಿದ್ದರೆ ಕಾಲಿನ ಮೇಲೆ ಬೀಳುವುದು ಸುಮಾರು ಅರ್ಧದಷ್ಟು ಭಾರ, ಎದೆಯವರೆಗಿದ್ದರೆ ಮೂರನೆಯ ಒಂದು ಪಾಲಿನ ಆಸುಪಾಸು, ಕುತ್ತಿಗೆಯವರೆಗಿದ್ದರೆ ಹತ್ತನೆಯ ಒಂದು ಪಾಲು. 70 ಕಿಲೋ ತೂಕದ ಅಮ್ಮನೊಬ್ಬರು ಎದೆಮಟ್ಟದ ನೀರಿನಲ್ಲಿ ನಿಂತರೆ ಅವರ ಕಾಲುಗಳು ಹೊರುವುದು ಸುಮಾರು 23 ಕಿಲೋ ಮಾತ್ರ. ಮಂಡಿನೋವಿನಿಂದ ನಾಲ್ಕು ಹೆಜ್ಜೆ ಇಡಲಾಗದವರು ನೀರಿನಲ್ಲಿ ಅರ್ಧ ಗಂಟೆ ನಡೆಯುವುದನ್ನು ನೋಡಿದಾಗಲೆಲ್ಲ ನನಗೆ ಈ ಕೆಲಸದ ಮೇಲಿನ ಪ್ರೀತಿ ಹೆಚ್ಚುತ್ತದೆ.

ಹಾಗೆಂದು ಆಳ ಹೆಚ್ಚಿದಷ್ಟೂ ಒಳ್ಳೆಯದಲ್ಲ. ಕುತ್ತಿಗೆಮಟ್ಟಕ್ಕೆ ಹೋದರೆ ಅಂಗಾಲು ನೆಲವನ್ನು ಹಿಡಿಯುವುದಿಲ್ಲ, ದೇಹ ಹಿಡಿತಕ್ಕೆ ಸಿಗುವುದಿಲ್ಲ. ಒಂದೇ ಕೊಳದಲ್ಲಿ ಒಬ್ಬರಿಗೆ ಎದೆಮಟ್ಟವಾದದ್ದು ಗಿಡ್ಡನೆಯ ಇನ್ನೊಬ್ಬರಿಗೆ ಗಲ್ಲದವರೆಗೆ ಬರುತ್ತದೆ. ಸಾಲಾಗಿ ನಿಲ್ಲಿಸುವ ಅಂದದ ಮೋಹ ಬಿಟ್ಟು, ಅವರವರ ಎತ್ತರ ನೋಡಿ ನಿಲ್ಲಿಸಬೇಕು. ಜೊತೆಗೆ, ಮೂಳೆ ಗಟ್ಟಿಯಾಗಲು ಭಾರ ಬೀಳಲೇಬೇಕು. ನೀರು ಆ ಭಾರವನ್ನೇ ಕಳೆಯುತ್ತದೆ. ನಡೆಯಲು ಶಕ್ತರಾದವರಿಗೆ ವಾರದಲ್ಲಿ ಕೆಲವು ದಿನವಾದರೂ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ನಡೆಯಿರಿ ಎಂದು ನಾನೇ ಒತ್ತಾಯಿಸುತ್ತೇನೆ.

ವೇಗದ ವಿಷಯದಲ್ಲಿ ಹೊಸಬರು ಎಲ್ಲರೂ ಎಡವುತ್ತಾರೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅದರಲ್ಲಿ ಕೈಯನ್ನು ಎರಡು ಪಟ್ಟು ವೇಗವಾಗಿ ಬೀಸಿದರೆ ಎದುರಾಗುವ ತಡೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಜಿಮ್‌ನಲ್ಲಿ ಭಾರ ಹೆಚ್ಚಿಸಲು ಬಿಲ್ಲೆ ಸೇರಿಸುತ್ತೇವೆ. ಇಲ್ಲಿ ವೇಗ ಹೆಚ್ಚಿಸಿದರೆ ಬಿಲ್ಲೆ ತಾನಾಗಿ ಸೇರಿಕೊಳ್ಳುತ್ತದೆ. ಅಂಗೈಯನ್ನು ಕತ್ತಿಯಂತೆ ಓರೆಯಾಗಿ ಹಿಡಿದರೆ ತಡೆ ಕಡಿಮೆ, ಮುಷ್ಟಿ ಕಟ್ಟಿದರೆ ಸ್ವಲ್ಪ ಹೆಚ್ಚು, ಬೊಗಸೆಯಂತೆ ಬಿಚ್ಚಿದರೆ ಇನ್ನೂ ಹೆಚ್ಚು. ಇದನ್ನು ತಿಳಿದವರು ಒಂದೇ ಚಲನೆಯನ್ನು ಮೂವತ್ತರ ಹುಡುಗಿಗೂ ಎಪ್ಪತ್ತರ ಅಜ್ಜಿಗೂ ಒಟ್ಟಿಗೆ ಮಾಡಿಸಬಲ್ಲರು. ತಿಳಿಯದವರು ದಂಡೆಯ ಮೇಲೆ ಗಾಳಿಯಲ್ಲಿ ಪಟಪಟನೆ ಕೈಕಾಲು ಆಡಿಸುತ್ತಾರೆ, ನೀರಿನಲ್ಲಿರುವವರು ಆ ವೇಗವನ್ನು ಹಿಡಿಯಲಾರದೆ ಚಲನೆಯನ್ನೇ ಅರ್ಧಕ್ಕೆ ಮೊಟಕುಗೊಳಿಸುತ್ತಾರೆ. ನೆಲದ ಮೇಲಿನ ವೇಗದ ಅರ್ಧಕ್ಕೆ ಎಣಿಸಿ ಎಂಬುದು ನಾನು ಕೊಡುವ ಮೊದಲ ಸೂಚನೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ, ಹೃದಯ. ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಶುರುವಿನ ವರ್ಷಗಳಲ್ಲಿ 220ರಿಂದ ವಯಸ್ಸನ್ನು ಕಳೆದು, ಅದರ ಶೇಕಡ 70ರಷ್ಟು ನಾಡಿಬಡಿತ ಬರಬೇಕು ಎಂಬ ಜಿಮ್ ಸೂತ್ರವನ್ನೇ ನೀರಿಗೂ ತಂದಿದ್ದೆ. 60 ವರ್ಷದ ಹಿರಿಯರೊಬ್ಬರಿಗೆ 112 ಬರಬೇಕಿತ್ತು. ಮುಟ್ಟಿ ನೋಡಿದರೆ 88. "ಇನ್ನೂ ಜೋರಾಗಿ ಸಾರ್" ಎಂದೆ. ಅವರು ಮಾಡಿದರು. ಮತ್ತೆ ನೋಡಿದರೆ 94. ಮತ್ತೆ ಜೋರು ಮಾಡಿಸಿದೆ. ಅವರ ತುಟಿ ಬಿಗಿಯಿತು, ಮಾತು ನಿಂತಿತು, ಕೈ ಕಂಬಿಯನ್ನು ಹುಡುಕಿತು. ಮೆಟ್ಟಿಲ ಮೇಲೆ ಕೂರಿಸಿ ಪಕ್ಕದಲ್ಲೇ ನಿಂತೆ. ಉಸಿರು ಹದಕ್ಕೆ ಬಂದ ಮೇಲೆ, "ನಾನು ಬಿ.ಪಿ.ಗೆ ಒಂದು ಮಾತ್ರೆ ತೆಗೆದುಕೊಳ್ಳುತ್ತೇನಮ್ಮ, ಅದು ಹೃದಯದ ಬಡಿತವನ್ನು ಇಳಿಸುತ್ತದಂತೆ" ಎಂದರು. ಆ ಬೆಳಗ್ಗೆ ನನ್ನಿಂದ ಎರಡು ತಪ್ಪು ಆಗಿದ್ದವು. ಬೀಟಾ ಬ್ಲಾಕರ್ ಎಂಬ ಇಂತಹ ಮಾತ್ರೆ ನುಂಗುವವರ ನಾಡಿ ಎಷ್ಟು ದುಡಿದರೂ ಸಾಮಾನ್ಯವಾಗಿ ಸೂತ್ರದ ಸಂಖ್ಯೆಯನ್ನು ಮುಟ್ಟುವುದಿಲ್ಲ. ಮಾತ್ರೆಯ ಬಗ್ಗೆ ನಾನು ಅವರನ್ನು ಮೊದಲೇ ವಿಚಾರಿಸಿರಲಿಲ್ಲ. ನೀರು ಏನು ಮಾಡುತ್ತದೆ ಎಂಬುದೂ ನನಗೆ ತಿಳಿದಿರಲಿಲ್ಲ.

ನೀರು ಮೈಯನ್ನು ಸುತ್ತಲಿನಿಂದ ಒತ್ತುತ್ತದೆ. ಒಂದು ಮೀಟರ್ ಆಳದಲ್ಲಿ ಆ ಒತ್ತಡ ಪಾದರಸದ ಸುಮಾರು 74 ಮಿಲಿಮೀಟರ್. ಬಿ.ಪಿ. ನೋಡಿಸಿಕೊಂಡಾಗ ಕೆಳಗಿನ ಸಂಖ್ಯೆ 80 ಎನ್ನುತ್ತಾರಲ್ಲ, ಅದೇ ಅಳತೆ ಇದು. ಎಷ್ಟು ಬಲವಾದ ಒತ್ತು ಎಂದು ಅದರಿಂದ ಊಹಿಸಿಕೊಳ್ಳಬಹುದು. ಕಾಲುಗಳಲ್ಲಿ ನಿಂತಿದ್ದ ರಕ್ತ ಈ ಒತ್ತಿನಿಂದ ಮೇಲೇರಿ ಎದೆಗೆ ಬರುತ್ತದೆ. ಕುತ್ತಿಗೆಯವರೆಗೆ ಮುಳುಗಿದರೆ ಹಾಗೆ ಬರುವ ರಕ್ತ ಸುಮಾರು 700 ಮಿಲಿಲೀಟರ್. ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ರಕ್ತವನ್ನು ತುಂಬಿಕೊಂಡು ಹೆಚ್ಚು ಹೊರದೂಡುತ್ತದೆ, ಹಾಗಾಗಿ ಕಡಿಮೆ ಸಲ ಬಡಿದರೂ ಕೆಲಸ ಸಾಗುತ್ತದೆ. ಎದೆಮಟ್ಟದ ನೀರಿನಲ್ಲಿ ನಾಡಿ ನಿಮಿಷಕ್ಕೆ 10ರಿಂದ 15ರಷ್ಟು ಇಳಿಯುವುದು ಸಾಮಾನ್ಯ. ಎಷ್ಟೆಂಬುದು ಆಳ, ನೀರಿನ ಬಿಸಿ, ಆಯಾ ದೇಹದ ಮೇಲೆ ನಿಂತಿದೆ. ನಾಡಿ ಕಡಿಮೆ ಎಂದ ಮಾತ್ರಕ್ಕೆ ದುಡಿಮೆ ಕಡಿಮೆ ಎಂದಲ್ಲ. ನೆಲದ ಸಂಖ್ಯೆಯನ್ನು ನೀರಿನಲ್ಲಿ ಬೆನ್ನಟ್ಟಿದರೆ ಆರೋಗ್ಯವಂತರನ್ನೂ ದಣಿಸಿಬಿಡುತ್ತೇವೆ, ಹೃದಯ ದುರ್ಬಲವಾಗಿರುವವರಿಗೆ ಅಪಾಯವನ್ನೇ ತರುತ್ತೇವೆ.

ಅಂದಿನಿಂದ ನಾನು ನಾಡಿಗಿಂತ ಹೆಚ್ಚು ನಂಬುವುದು ಶ್ರಮದ ಅನುಭವವನ್ನು. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಎಂಬ ಮನೋವಿಜ್ಞಾನಿ ಇದಕ್ಕಾಗಿ 6ರಿಂದ 20ರವರೆಗಿನ ಒಂದು ಅಳತೆಪಟ್ಟಿಯನ್ನೇ ಮಾಡಿದ್ದಾರೆ. ಅದರಲ್ಲಿ 13 ಎಂದರೆ "ಸ್ವಲ್ಪ ಕಷ್ಟ". ನಮ್ಮ ತಂಡದಲ್ಲಿ ಅದಕ್ಕಿಂತ ಸಲೀಸಾದ ದಾರಿ ಇದೆ. ನಡುವೆ ಒಬ್ಬರನ್ನು ನೋಡಿ, "ಅಕ್ಕಾ, ನಿನ್ನೆ ರಾತ್ರಿ ಏನಡುಗೆ?" ಎಂದು ಕೇಳುತ್ತೇನೆ. "ಹುರುಳಿಕಾಳಿನ ಬಸ್ಸಾರು ಮಾಡಿ ಮುದ್ದೆ ಮಾಡಿದ್ದೆ" ಎಂದು ಒಂದು ವಾಕ್ಯ ಹೇಳಿ ಉಸಿರು ಎಳೆದುಕೊಂಡರೆ ಹದ ಸರಿ ಇದೆ. ಒಗ್ಗರಣೆಗೆ ಏನೇನು ಹಾಕಿದೆ ಎಂಬುದರವರೆಗೆ ಹೇಳುತ್ತಾ ಹೋದರೆ ಇನ್ನಷ್ಟು ದುಡಿಸಬಹುದು. "ಬಸ್ಸಾರು" ಎಂದಷ್ಟೇ ಹೇಳಿ ನಿಂತರೆ ನಾನು ಕೂಡಲೇ ವೇಗ ಇಳಿಸುತ್ತೇನೆ.

ಅದೇ ಒತ್ತಡ ಎದೆಗೂಡನ್ನೂ ಒತ್ತುವುದರಿಂದ ಉಸಿರೆಳೆಯುವುದು ನೀರಿನಲ್ಲಿ ಹೆಚ್ಚು ಶ್ರಮದ ಕೆಲಸ. ಅಸ್ತಮಾ ಇರುವವರನ್ನು ಸೊಂಟಮಟ್ಟದಲ್ಲಿ ನಿಲ್ಲಿಸಿ ಆರಂಭಿಸುವುದು ಒಳ್ಳೆಯದು. ಮೆಟ್ಟಿಲು ಹತ್ತಿ ಹೊರಬರುವಾಗ ಒತ್ತಡ ಥಟ್ಟನೆ ಇಲ್ಲವಾಗಿ ರಕ್ತ ಮತ್ತೆ ಕಾಲಿಗಿಳಿಯುತ್ತದೆ, ಕೆಲವರಿಗೆ ತಲೆ ಸುತ್ತುತ್ತದೆ. ಕಂಬಿ ಹಿಡಿದು ನಿಧಾನವಾಗಿ ಹತ್ತಿಸಬೇಕು. ನೀರಿನಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೆ ಮೈ ಬೆವರುತ್ತಲೇ ಇರುತ್ತದೆ, ಮೂತ್ರವೂ ಹೆಚ್ಚಾಗುತ್ತದೆ. ದಂಡೆಯ ಮೇಲೆ ಎಲ್ಲರ ಕುಡಿಯುವ ನೀರಿನ ಬಾಟಲಿ ಇರಲೇಬೇಕು. ಸಕ್ಕರೆ ಕಾಯಿಲೆಯವರ ಪಾದಕ್ಕೆ ಸ್ಪರ್ಶ ಕಡಿಮೆಯಾಗಿರಬಹುದು, ಆಗ ಕೊಳದ ಒರಟು ನೆಲ ತರಚಿದರೂ ತಿಳಿಯುವುದಿಲ್ಲ. ನೀರಿಗೆ ಹಾಕುವ ಶೂ ಇಲ್ಲದೆ ಅವರನ್ನು ಇಳಿಸಬೇಡಿ, ಹೊರಬಂದ ಮೇಲೆ ಅಂಗಾಲನ್ನು ನೋಡಿಕೊಳ್ಳಲು ಹೇಳಿ. ನೀರು ಮೈಯ ಬಿಸಿಯನ್ನು ಗಾಳಿಗಿಂತ 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ. ಇಂತಹ ತರಗತಿಗೆ 28ರಿಂದ 30 ಡಿಗ್ರಿ ಸೆಲ್ಸಿಯಸ್‌ನ ನೀರು ಹಿತ. ನಮ್ಮಲ್ಲಿ ಡಿಸೆಂಬರ್ ಮುಂಜಾನೆ ಬಯಲಿನ ಕೊಳ ಅಷ್ಟು ಬೆಚ್ಚಗೆ ಎಲ್ಲಿರುತ್ತದೆ? ಆ ತಿಂಗಳು ನಾನು ತರಗತಿಯನ್ನು ಬಿಸಿಲೇರಿದ ಮೇಲೆ ಇಟ್ಟುಕೊಳ್ಳುತ್ತೇನೆ, ಯಾರನ್ನೂ ಸುಮ್ಮನೆ ನಿಲ್ಲಲು ಬಿಡುವುದಿಲ್ಲ.

ಹಾಗಾದರೆ ಏನೇನು ಓದಬೇಕು ಎಂದರೆ: ದೊಡ್ಡ ಸ್ನಾಯುಗಳು, ಅವು ಯಾವ ಕೀಲನ್ನು ಯಾವ ಕಡೆಗೆ ಎಳೆಯುತ್ತವೆ ಎಂಬುದು. ದೇಹ ಮೊದಲ ಕೆಲವು ಸೆಕೆಂಡುಗಳಿಗೆ, ಆಮೇಲಿನ ಒಂದೆರಡು ನಿಮಿಷಗಳಿಗೆ, ದೀರ್ಘ ದುಡಿಮೆಗೆ ಶಕ್ತಿಯನ್ನು ಎಲ್ಲಿಂದ ತರುತ್ತದೆ ಎಂಬುದು. ನ್ಯೂಟನ್ನನ ಮೂರು ನಿಯಮಗಳು, ಹೈಸ್ಕೂಲಿನ ಪುಸ್ತಕವೇ ಸಾಕು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಸಾಧಾರಣ ಶ್ರಮ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಎನ್ನುತ್ತದೆ. ನಿಮ್ಮ ತರಗತಿ ಅದರಲ್ಲಿ ಎಷ್ಟನ್ನು ತುಂಬುತ್ತದೆ ಎಂಬ ಲೆಕ್ಕ ನಿಮಗಿರಬೇಕು. ಪ್ರಮಾಣಪತ್ರ ಬೇಕೆಂದರೆ ಅಮೆರಿಕದ ಅಕ್ವಾಟಿಕ್ ಎಕ್ಸರ್‌ಸೈಸ್ ಅಸೋಸಿಯೇಷನ್ ನೀರಿನ ವ್ಯಾಯಾಮ ಕಲಿಸುವವರಿಗೆ ಪರೀಕ್ಷೆ ನಡೆಸುತ್ತದೆ. ಆದರೆ ಅದಕ್ಕೂ ಮೊದಲು ಜೀವರಕ್ಷಣೆ ಮತ್ತು ಸಿ.ಪಿ.ಆರ್. (ಹೃದಯ ನಿಂತವರಿಗೆ ಎದೆ ಒತ್ತಿ ಉಸಿರು ಕೊಡುವುದು) ತರಬೇತಿ ಪಡೆಯಿರಿ. ನಾಲೆಯಲ್ಲಿ ಈಜಿದ ಅನುಭವ ನಿಜವಾಗಿ ನೆರವಿಗೆ ಬರುವುದು ಅಲ್ಲಿ.

ಆ ಜಿಮ್ ಹುಡುಗ ಮರುದಿನ ಬಂದವನು ದಂಡೆಯ ಮೇಲೆ ನಿಲ್ಲಲಿಲ್ಲ. ಫೋಮ್ ಡಂಬೆಲ್ ಹಿಡಿದು ನೇರವಾಗಿ ನೀರಿಗಿಳಿದು ಶಿಕ್ಷಕಿಯ ಪಕ್ಕ ನಿಂತ. ಒತ್ತಿದ, ಬಿಟ್ಟ, ಮತ್ತೆ ಒತ್ತಿ ಇನ್ನೊಂದು ಕೈಯಿಂದ ತನ್ನ ತೋಳಿನ ಹಿಂಭಾಗವನ್ನು ಹಿಡಿದು ನೋಡಿದ. "ಟೀಚರ್, ನಿಮಗೂ ಇಲ್ಲೇ ತಾನೇ?" ಎಂದು ಕೇಳಿದ. ಈ ವರ್ಷ ಬರುವವರಿಗೂ ನಾನು ಹೇಳುವುದು ಅದನ್ನೇ: ಮೊದಲ ಒಂದು ತಿಂಗಳು ದಂಡೆ ಹತ್ತಬೇಡಿ, ನೀರಿನಲ್ಲೇ ಇರಿ. ಬರುವಾಗ ಟವೆಲ್ ಜೊತೆಗೆ ಒಂದು ನೋಟ್‌ಬುಕ್ ತನ್ನಿ.